ಯಾವ ಒರಿಜಿನಲ್, ತಮ್ಮಾ?

ನನ್ನ ಕ್ಲಾಸಿಗೆ ಬರುವ ಹುಡುಗರು ಮೊದಲು ಚಪ್ಪಲಿ ಬಿಡುತ್ತಾರೆ. ಆಮೇಲೆ ಫೋನ್ ತೆಗೆಯುತ್ತಾರೆ. ನಮಸ್ಕಾರ ಮೂರನೆಯದು.

"ಸರ, ಇದನ್ನ ನೋಡ್ರಿ. ಈಗ ಇದನ್ನ ನೋಡ್ರಿ. ಒರಿಜಿನಲ್ ಮುಂದ ಹೊಸಾದು ಏನೂ ಅಲ್ರಿ."

ಬೆಳಗಾವಿಯಲ್ಲಿ ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವುದು ಗಂಟಲು ತಿದ್ದುವ ಕೆಲಸ. ಮುಂಜಾನೆ ಹಾರ್ಮೋನಿಯಂ ಮುಂದೆ ಖಯಾಲು, ನಾಟ್ಯಗೀತೆ. ಸಂಜೆ ಕಾಲೇಜು ತಂಡಗಳಿಗೆ ನಾಟಕದ ಹಾಡು. ಡಿಸೆಂಬರ್ ಬಂತೆಂದರೆ ಕ್ಯಾಂಪ್ ಕಡೆಯ ಚರ್ಚಿನ ಕ್ವಾಯರ್ ಹುಡುಗರು. ಈ ಸಲ ಆ ಹುಡುಗರಿಗೇ ಒಂದು ಹುಕಿ ಬಂತು. ಮುಂದಿನ ಈಸ್ಟರ್ ಹೊತ್ತಿಗೆ, ಯೇಸುವಿನ ಕೊನೆಯ ದಿನಗಳ ಕಥೆ ಹೇಳುವ ರಾಕ್ ಒಪೆರಾ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' ಹಾಡುಗಳನ್ನು ಹೇಳಬೇಕಂತೆ. ಒಳ್ಳೇದು ಅಂದೆ. ಟಿಕೆಟ್ ಇಟ್ಟು ಪೂರ್ತಿ ಆಡುವುದಾದರೆ ಹಕ್ಕುದಾರರ ಅನುಮತಿ ಬೇಕಾಗುತ್ತದೆ, ಅದನ್ನು ತಿಳಿದವರ ಹತ್ತಿರ ಮೊದಲೇ ಕೇಳಿಕೊಳ್ಳಿ ಅಂತಲೂ ಹೇಳಿದೆ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಅವರಾಗಲೇ ಎರಡು ಪಾರ್ಟಿ ಆಗಿ ಜಗಳಕ್ಕೆ ನಿಂತಿದ್ದರು. ಒಂದು ಪಾರ್ಟಿಗೆ 1973ರ ಸಿನಿಮಾನೇ 'ಒರಿಜಿನಲ್', ಉಳಿದದ್ದೆಲ್ಲ ನಕಲು. ಇನ್ನೊಂದಕ್ಕೆ 2018ರಲ್ಲಿ ಅಮೆರಿಕದ ಟಿವಿಯಲ್ಲಿ ನೇರವಾಗಿ ಬಂದ ಪ್ರಯೋಗವೇ ಸರಿ, ಹಳೇದು ಬರೀ ಮರಳು ಮತ್ತು ಬೆಲ್‌ಬಾಟಮ್.

ರಾಕ್ ಒಪೆರಾ ಅಂದರೇನು ಅಂತ ಇಲ್ಲಿ ಬಿಡಿಸಿ ಹೇಳಲು ಹೋಗುವುದಿಲ್ಲ. ಸಣ್ಣಾಟದಂಥ ಜನಪದ ನಾಟಕ ನೋಡಿ ಬೆಳೆದ ಸೀಮೆಯವರಿಗೆ ಅದು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಹಾಡೇ ಕಥೆಯನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಸಣ್ಣಾಟ 'ಶ್ರೀಕೃಷ್ಣ ಪಾರಿಜಾತ'ದಲ್ಲಿ ಹಾಡಿನ ನಡುವೆ ಭಾಗವತನ ಜೊತೆ ಮಾತುಕತೆ ಉಂಟು. ಇದರಲ್ಲಿ ಅದೂ ಇಲ್ಲ. ಜಗಳ, ಲಂಚ, ವಿಚಾರಣೆ, ಸಾವು ಎಲ್ಲವೂ ಹಾಡಿನಲ್ಲೇ.

ನನಗೆ ತಲೆ ಚಿಟ್ಟು ಹಿಡಿಸುವುದು ಬೇರೆಯೇ. ಸಿನಿಮಾ ಮೂಲ ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇನ್ನೊಂದು ಸಲ ಹೇಳುತ್ತೇನೆ, ನಿಧಾನವಾಗಿ.

ಆಂಡ್ರ್ಯೂ ಲಾಯ್ಡ್ ವೆಬ್ಬರ್ ಸಂಗೀತ ಮಾಡಿದರು, ಟಿಮ್ ರೈಸ್ ಸಾಹಿತ್ಯ ಬರೆದರು. ಇಬ್ಬರೂ ಆಗ ಇಪ್ಪತ್ತು ದಾಟಿದ ಹುಡುಗರು. ಇಂಥ ವಸ್ತುವಿನ ನಾಟಕಕ್ಕೆ ದುಡ್ಡು ಹಾಕುವವರು ಯಾರೂ ಸಿಗಲಿಲ್ಲ. ಹಾಗಾಗಿ 1969ರಲ್ಲಿ ಒಂದೇ ಒಂದು ಹಾಡನ್ನು ರೆಕಾರ್ಡ್ ಮಾಡಿ ಬಿಟ್ಟರು. 1970ರಲ್ಲಿ ಇಡೀ ಕಥೆ ಎರಡು ತಟ್ಟೆಗಳ ಆಲ್ಬಮ್ ಆಗಿ ಬಂತು. ಅದರಲ್ಲಿ ಯೇಸುವಾಗಿ ಹಾಡಿದ್ದು ಡೀಪ್ ಪರ್ಪಲ್ ಎಂಬ ರಾಕ್ ತಂಡದ ಇಯಾನ್ ಗಿಲ್ಲನ್, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನಾಗಿ ಮರ್ರಿ ಹೆಡ್. ಆಗ ವೇಷವಿಲ್ಲ, ರಂಗವಿಲ್ಲ, ಮರಳುಗಾಡೂ ಇಲ್ಲ. ಬರೀ ಧ್ವನಿ. ಅದು ಅಮೆರಿಕದಲ್ಲಿ ಭರ್ಜರಿಯಾಗಿ ಓಡಿದ ಮೇಲೆ 1971ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕವಾಯಿತು. ನಾರ್ಮನ್ ಜೂಯಿಸನ್ ಸಿನಿಮಾ ಮಾಡಿದ್ದು 1973ರಲ್ಲಿ. ಅಂದರೆ ನೀವು ಮೂಲ ಅಂತ ಎದೆ ಬಡಿದುಕೊಳ್ಳುವ ಸಿನಿಮಾನೇ ಒಂದು ಮರುಪ್ರಯೋಗ. ಅದರ ಯೇಸು ಟೆಡ್ ನೀಲಿ ಕೂಡ ಇನ್ನೊಬ್ಬರು ಹಾಡಿಟ್ಟ ಹಾಡನ್ನು ತಮ್ಮ ಗಂಟಲಿಗೆ ಹೊಂದಿಸಿಕೊಂಡವರೇ.

ಇಷ್ಟು ಹೇಳಿದರೂ ಮುಖದ ಮೇಲೆ ಅನುಮಾನ ಉಳಿದಿರುತ್ತದೆ. ಆಗ ಪಾರಿಜಾತಕ್ಕೆ ಬರುತ್ತೇನೆ. ಅಪರಾಳ ತಮ್ಮಣ್ಣ ಕಟ್ಟಿದ್ದನ್ನು ಕುಲಗೋಡ ತಮ್ಮಣ್ಣ ಬೆಳೆಸಿ ಆಟಕ್ಕೆ ಒಗ್ಗಿಸಿದ. ಆಮೇಲೆ ಎಷ್ಟು ಮೇಳ ಬಂದವು! ಕೌಜಲಗಿ ನಿಂಗಮ್ಮನ ಹೆಸರು ಹೇಳಿದರೆ ಗೋಕಾಕ ಕಡೆಯ ಹಿರಿಯರು ಈಗಲೂ ಕೂತಲ್ಲೇ ನೆಟ್ಟಗಾಗುತ್ತಾರೆ. ಹಾಗಂತ ನಿಂಗಮ್ಮನ ಮೇಳವೇ ಮೂಲ, ಉಳಿದ ಮೇಳಗಳೆಲ್ಲ ರೀಮೇಕ್ ಅಂತ ಯಾರಾದರೂ ಅಂದಿದ್ದಾರಾ? ಪದ ಮತ್ತು ಧಾಟಿ ಮೂಲ. ಮೇಳ ಅದನ್ನು ಹೊತ್ತುಕೊಂಡು ಹೋಗುವ ಬಂಡಿ. ಬಂಡಿಯ ಬಣ್ಣ ನೋಡಿ ಜೋಳದ ದರ ಹೇಳಬಾರದು.

ಇನ್ನೂ ಒಂದು ಸಂಗತಿ. ಇವೊನ್ ಎಲಿಮನ್ ಆಲ್ಬಮ್‌ನಲ್ಲೂ ಯೇಸುವಿನ ಹಿಂಬಾಲಕಿ ಮಗ್ದಲದ ಮರಿಯಳಾಗಿ ಹಾಡಿದರು, ಬ್ರಾಡ್‌ವೇಯಲ್ಲೂ ಸಿನಿಮಾದಲ್ಲೂ ಹಾಡಿದರು. ಅದೇ ಗಾಯಕಿ, ಅದೇ ಹಾಡು. ಆಲ್ಬಮ್ ಮತ್ತು ಸಿನಿಮಾ ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಉಸಿರು ತೆಗೆದುಕೊಳ್ಳುವ ಜಾಗದಿಂದ ಹಿಡಿದು ಫರಕ್ಕು ಕಾಣುತ್ತದೆ. ಒಬ್ಬಳೇ ಹಾಡಿದರೂ ಎರಡು ಸಲ ಒಂದೇ ಥರ ಬರುವುದಿಲ್ಲ. ಹಾಗಿರುವಾಗ 45 ವರ್ಷ ಆದಮೇಲೆ ಬೇರೆಯವರು ಹಾಡಿದ್ದು ಸಿನಿಮಾದ ಹಾಗಿಲ್ಲ ಅಂತ ದೂರಿದರೆ ನಾನೇನು ಹೇಳಲಿ?

ಹೋಲಿಸಲೇಬಾರದು ಅಂತಲ್ಲ. ನಾನೂ ಹೋಲಿಸುತ್ತೇನೆ, ಅದೇ ನನ್ನ ದಂಧೆ. ಆದರೆ ಫೋನ್ ಮಗುಚಿ ಹಾಕಿ, ನೋಡದೆ ಬರೀ ಕೇಳಿ.

ಜುಲೈನಲ್ಲಿ ಒಂದು ಸಂಜೆ ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ, ಹಂಗೇ ಸುರಿಯುತ್ತಿತ್ತು. ಕರೆಂಟು ಹೋಗಿ ಒಂದು ತಾಸಾಗಿತ್ತು. ಹುಡುಗರು ಸ್ಪೀಕರ್ ಇಲ್ಲ ಅಂತ ಪೇಚಾಡುತ್ತಿದ್ದರು. ನಮ್ಮ ತಬಲಾ ಅಜ್ಜ ಒಳಗೆ ಹೋಗಿ ಸ್ಟೀಲಿನ ಚರಿಗೆ ತಂದರು. ನೀರು ಚೆಲ್ಲಿ, ಧೋತರದ ಅಂಚಿನಲ್ಲಿ ಒರೆಸಿ, ಫೋನನ್ನು ಅದರೊಳಗೆ ತಲೆಕೆಳಗಾಗಿ ಇಳಿಸಿದರು. ಚರಿಗೆ ಗಂಟೆಯ ಹಾಗೆ ಮೊಳಗಿತು. ಅಜ್ಜನಿಗೆ ಎಪ್ಪತ್ತು ದಾಟಿದೆ. ಇಂಗ್ಲಿಷ್ ಬರುವುದಿಲ್ಲ. ಈ ಸಿನಿಮಾ ನೋಡಿಲ್ಲ, ನೋಡುವ ಆಸೆಯೂ ಇಲ್ಲ.

ಮರಿಯಳು ಯೇಸುವನ್ನು ಸಮಾಧಾನ ಮಾಡುವ ಹಾಡು ಬಂತು. ಅಜ್ಜ ತೊಡೆಯ ಮೇಲೆ ಬೆರಳು ಆಡಿಸಿದರು. "ಐದು ಮಾತ್ರಾ ಐತಿ ಮಾಸ್ತರ. ಝಪತಾಲದ ಅರ್ಧಾ." ಸರಿಯಾಗೇ ಹಿಡಿದಿದ್ದರು. ಆಮೇಲೆ ದೇವಾಲಯದ ಸಂತೆಯ ದೃಶ್ಯದ ಹಾಡು. "ಇದು ಏಳು. ರೂಪಕ ಅಲ್ಲ, ಆದ್ರ ಏಳು." ಅದೂ ಸರಿ. ಚಾಟಿ ಏಟಿನ ಭಾಗದಲ್ಲಿ ಒಂದರಿಂದ 39ರ ತನಕ ಎಣಿಸುತ್ತಾರೆ. ಎಣಿಕೆ ನಿಂತಾಗ ಅಜ್ಜ ತಲೆ ಎತ್ತಿದರು. "ನಲವತ್ತಕ್ಕ ಒಂದ್ ಕಮ್ಮಿ ಯಾಕ ಬಿಟ್ರೋ?"

"ಅದು ಯೆಹೂದ್ಯರ ಲೆಕ್ಕ ಅಜ್ಜಾರ. ಬೈಬಲ್ಲಿನ ಪೌಲನ ಪತ್ರದಾಗೂ ಐತ್ರಿ, ಒಂದು ಕಮ್ಮಿ ನಲವತ್ತು ಅಂತ," ಅಂದ ಕ್ವಾಯರ್ ಹುಡುಗ. ಅಜ್ಜ ತಲೆದೂಗಿದರು. ತಾಳಕ್ಕೆ ಒಂದು ಕಾರಣ ಸಿಕ್ಕರೆ ಅವರಿಗೆ ಸಾಕು.

ಆಮೇಲೆ ಯೂದನ ಒಂದೇ ಹಾಡನ್ನು ಹಳೇದು ಯಾವುದು, ಹೊಸದು ಯಾವುದು ಹೇಳದೆ ಹಚ್ಚಿಸಿದೆ. ಮೊದಲು ಸಿನಿಮಾದ ಕಾರ್ಲ್ ಆಂಡರ್ಸನ್. ಆಮೇಲೆ 2018ರ ಬ್ರ್ಯಾಂಡನ್ ವಿಕ್ಟರ್ ಡಿಕ್ಸನ್. ಅಜ್ಜ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಅಂದರು: "ಮೊದಲನೇದು ಖೋಲ್ಯಾಗ ಹಾಡಿದ್ದು. ಇದು ಮಂದ್ಯಾಗ ಹಾಡಿದ್ದು."

ಹುಡುಗರು ಸುಮ್ಮನಾದರು. ಎರಡು ತಿಂಗಳ ಅವರ ಜಗಳದಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ.

ಸಿನಿಮಾದ ಹಾಡುಗಳನ್ನು ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಆಮೇಲೆ ಇಸ್ರೇಲಿನ ಮರಳುಗಾಡಿನಲ್ಲಿ, ಹಾಳುಬಿದ್ದ ಕಲ್ಲುಗೋಡೆಗಳ ನಡುವೆ, ಬಿಸಿಲಿಗೆ ಬಾಯಿ ಆಡಿಸಿ ಚಿತ್ರೀಕರಣ ಮಾಡಿದರು. ಯೂದನ ಬೆನ್ನು ಹತ್ತಿ ಟ್ಯಾಂಕುಗಳು ಬರುತ್ತವೆ, ತಲೆ ಮೇಲೆ ಜೆಟ್ ವಿಮಾನ ಹಾರುತ್ತವೆ. ಆತ ಓಡುತ್ತಾನೆ. ಆದರೆ ದನಿಯಲ್ಲಿ ಏದುಸಿರು ಇಲ್ಲ. ಯಾಕಂದರೆ ಹಾಡುವಾಗ ಆತ ಓಡಿರಲಿಲ್ಲ. 2018ರದ್ದು ಬ್ರೂಕ್ಲಿನ್‌ನ ಒಂದು ಹಳೆಯ ಸೇನಾ ಕಟ್ಟಡದಲ್ಲಿ, ಏಪ್ರಿಲ್ 1ರಂದು, ಈಸ್ಟರ್ ಭಾನುವಾರದ ರಾತ್ರಿ, ಎದುರಿಗೆ ಜನರನ್ನು ನಿಲ್ಲಿಸಿಕೊಂಡು ಹಾಡಿದ್ದು. ತಪ್ಪಿದರೆ ತಪ್ಪಿತು, ಮತ್ತೊಂದು ಟೇಕ್ ಇಲ್ಲ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ಅದರಲ್ಲಿ ಸುರ ಸ್ವಚ್ಛ, ಇದರಲ್ಲಿ ಉಸಿರು ಕೇಳುತ್ತೆ ಅಂದರೆ, ಮನೆಯಲ್ಲಿ ಮಾಡಿದ ಕುಂದಾ ಮತ್ತು ಮದುವೆ ಕಡಾಯಿಯ ಕುಂದಾ ಹೋಲಿಸಿದ ಹಾಗೆ. ರುಚಿ ಹೇಳಬಹುದು. ಆದರೆ ಒಲೆ ಯಾವುದು ಅಂತ ಗೊತ್ತಿಟ್ಟುಕೊಂಡು ಹೇಳಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಯೂದ ಎರಡರಲ್ಲೂ ಗೆದ್ದಿದ್ದಾನೆ. ಈ ಕಥೆಯೇ ಆತನದು, ಗಮನಿಸಿದ್ದೀರಾ? ಮೊದಲ ಹಾಡು ಅವನದೇ. ಆಂಡರ್ಸನ್ ದನಿಯಲ್ಲಿ ಒಂದು ಉರಿ ಇದೆ, ಅದು ಯಾರಿಗೂ ಸುಲಭಕ್ಕೆ ಬರುವಂಥದ್ದಲ್ಲ. ಯೇಸುವಿನ ವಿಷಯದಲ್ಲಿ ನನ್ನ ಮನಸ್ಸು ಅರ್ಧ ಅರ್ಧ. 2018ರಲ್ಲಿ ಯೇಸುವಾದ ಜಾನ್ ಲೆಜೆಂಡ್ ಆರ್ ಅಂಡ್ ಬಿ, ಅಂದರೆ ರಿದಮ್ ಅಂಡ್ ಬ್ಲೂಸ್ ಶೈಲಿಯ ಗಾಯಕ. ಮೆತ್ತಗೆ, ಬೆಣ್ಣೆಯ ಹಾಗೆ ಹಾಡುತ್ತಾರೆ. ಸಮಾಧಾನದ ಜಾಗಗಳಲ್ಲಿ ಅದು ಚಂದ. ಸಿಟ್ಟಿನ ಜಾಗದಲ್ಲಿ ನನಗೆ ಏನೋ ಕಮ್ಮಿ ಅನಿಸಿತು. ಅದರಲ್ಲೇ ರಾಜ ಹೆರೋದನಾಗಿ ರಾಕ್ ಗಾಯಕ ಅಲೀಸ್ ಕೂಪರ್ ಬಂದಾಗ ಜನ ಕೇಕೆ ಹಾಕುತ್ತಾರೆ. ಮಜಾ ಏನೋ ಬರುತ್ತದೆ, ಆದರೆ ಸಾವಿನ ಕಡೆ ಹೊರಟ ಕಥೆ ಅಲ್ಲಿ ಒಂದು ನಿಮಿಷ ಚಹಾ ಕುಡಿಯಲು ನಿಂತಂತೆ ಆಗುತ್ತದೆ. ಸಿನಿಮಾಕ್ಕೆ ಮರಳುಗಾಡಿನ ಮೌನ ಇತ್ತು, ಇದಕ್ಕೆ ಚಪ್ಪಾಳೆ ಇದೆ. ಕೊನೆಯ ನೋಟ ಮಾತ್ರ ಎರಡರದ್ದೂ ಮರೆಯುವಂಥದ್ದಲ್ಲ. ಹಳೆಯದರಲ್ಲಿ ನಟರೆಲ್ಲ ವೇಷ ಕಳಚಿ ತಾವು ಬಂದ ಬಸ್ ಹತ್ತಿ ಹೋಗುತ್ತಾರೆ, ಯೇಸುವಿನ ಪಾತ್ರದವನು ಮಾತ್ರ ಹತ್ತುವುದಿಲ್ಲ. ಹೊಸದರಲ್ಲಿ ಹಿಂದಿನ ಗೋಡೆ ಶಿಲುಬೆಯ ಆಕಾರದಲ್ಲಿ ಬಿರಿದು, ಶಿಲುಬೆ ಹಿಂದಕ್ಕೆ ಸರಿಯುತ್ತ ಆ ಬೆಳಕಿನೊಳಗೆ ಹೋಗುತ್ತದೆ. 2000ದಲ್ಲಿ ಸ್ಟುಡಿಯೋದೊಳಗೇ ಚಿತ್ರೀಕರಿಸಿದ ಇನ್ನೊಂದು ಬಂತು, ಗ್ಲೆನ್ ಕಾರ್ಟರ್ ಯೇಸು. ಅದರ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ.

ಇದೆಲ್ಲ ಬರೀ ಹರಟೆ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸಿನಿಮಾನೇ ಮೂಲ ಅಂದುಕೊಂಡವರು ಮುಂದೆ ಏನು ಮಾಡುತ್ತಾರೆ ಗೊತ್ತಾ? ಅದರ ಹಾಗೇ ಹಾಡಲು ಹೋಗುತ್ತಾರೆ.

ಯೇಸುವಿನ ಪಾತ್ರಕ್ಕೆ ಆರಿಸಿದ ಹುಡುಗನಿಗೆ ಹತ್ತೊಂಬತ್ತು ವರ್ಷ. ಒಳ್ಳೆಯ ದನಿ, ಹಾರ್ಮೋನಿಯಂನ ಕರಿ ಒಂದಕ್ಕೆ, ಅಂದರೆ ಮೊದಲ ಕಪ್ಪು ಮನೆಗೆ, ಸಾ ಇಟ್ಟುಕೊಂಡು ಆರಾಮಾಗಿ ಹಾಡುತ್ತಾನೆ. ಗೆತ್ಸೆಮನೆ ತೋಟದ ಹಾಡಿನಲ್ಲಿ ಗಿಲ್ಲನ್, ನೀಲಿ ಇಬ್ಬರೂ ಒಂದು ಕಡೆ ಕಿರುಚಿ ಏರುತ್ತಾರಲ್ಲ, ಅದು ಬಿಳಿ ಐದು, ಅಂದರೆ ಐದನೇ ಬಿಳಿ ಮನೆ. ಕೆಳಗಿನದಲ್ಲ, ಮೇಲಿನದು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ, ಕರಿ ಒಂದರ ಗಂಡಸಿಗೆ ತಾರ ಸಪ್ತಕ ಪೂರ್ತಿ ದಾಟಿ, ಅದರಾಚೆಯ ಸಪ್ತಕದ ತೀವ್ರ ಮಧ್ಯಮ. ಖಯಾಲು ಹಾಡುವವರು ತಾರ ಸಪ್ತಕದ ಪಂಚಮ ಮುಟ್ಟಿದರೇ ಸಭೆ ವಾಹ್ ಅನ್ನುತ್ತದೆ. ಆ ಇಬ್ಬರದ್ದು ರಾಕ್ ಹಾಡಿ ಪಳಗಿದ ಗಂಟಲು, ಅದಕ್ಕೆ ಬೇರೆಯದೇ ತಾಲೀಮು ಇದೆ.

ಹುಡುಗ ಮೂರು ವಾರ ಮನೆಯ ಗಚ್ಚಿಯ ಮೇಲೆ ನಿಂತು ಕಿರುಚಿದ್ದಾನೆ. ಪಕ್ಕದ ಮನೆಯವರು ಯಾರಿಗೋ ಏನೋ ಆಯಿತು ಅಂತ ಓಡಿ ಬಂದಿದ್ದರಂತೆ. ನನ್ನ ಹತ್ತಿರ ಬಂದಾಗ ದನಿ ಮರಳು ಕಾಗದದ ಹಾಗಿತ್ತು. ಜೇಷ್ಠಮಧು ಅಗಿದ, ಶುಂಠಿ ಕಷಾಯ ಕುಡಿದ. "ಸರ, ಇನ್ನೊಂದು ಸ್ವಲ್ಪ ಪ್ರಾಕ್ಟೀಸ್ ಮಾಡಿದ್ರ ಬರ್ತದಲ್ರಿ?" ನನಗೆ ಸಿಟ್ಟು ಬಂತು, ಅವನ ಮುಖ ನೋಡಿ ಇಳಿಯಿತು. ಸುಮ್ನೆ ಕೂಡು ಅಂದೆ. ಪಿಸುಗುಟ್ಟಲೂಬೇಡ, ಅದೂ ಗಂಟಲಿಗೆ ಭಾರ. ನಾನು ಡಾಕ್ಟರ್ ಅಲ್ಲ. ದನಿ ಎರಡು ಮೂರು ವಾರಕ್ಕಿಂತ ಜಾಸ್ತಿ ಒಡೆದೇ ಇದ್ದರೆ, ಇಲ್ಲವೇ ನೋವಿದ್ದರೆ, ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಲೇಬೇಕು. ಮಾಸ್ತರ ಹತ್ತಿರ ಅದಕ್ಕೆ ಮದ್ದಿಲ್ಲ. ಇವನನ್ನೂ ಕಳಿಸಿದೆ. ಗಂಟು ಗಿಂಟು ಏನೂ ಇಲ್ಲ, ಬರೀ ಬಾವು ಅಂದರಂತೆ. ಬಚಾವಾದ.

ಒಂದು ತಿಂಗಳು ಬಿಟ್ಟು ಹಾಡು ಮತ್ತೆ ಶುರು ಮಾಡಿದೆವು. ಸ್ಕೇಲ್ ಇಳಿಸಿದೆ. ಕಿರುಚುವ ಜಾಗಕ್ಕೆ ಬಂದಾಗ ಮೇಲೆ ಹತ್ತಬೇಡ, ಕೆಳಗೇ ನಿಂತು ಆ ಶಬ್ದವನ್ನು ಕೇಳು ಅಂದೆ. ಅಲ್ಲಿ ಒಬ್ಬ ಮನುಷ್ಯ ತನ್ನ ತಂದೆಗೆ, ನಾನು ಯಾಕೆ ಸಾಯಬೇಕು ಅಂತ ಕೇಳುತ್ತಿದ್ದಾನೆ. ಆ ಪ್ರಶ್ನೆ ಕಿರುಚಿಯೂ ಕೇಳಬಹುದು, ಮೆತ್ತಗೂ ಕೇಳಬಹುದು. ಹುಡುಗ ಮೆತ್ತಗೆ ಕೇಳಿದ. ಅಜ್ಜ ಅವತ್ತು ತಬಲಾ ಮುಟ್ಟಲಿಲ್ಲ. ಹಾಡು ಮುಗಿದ ಮೇಲೆ, "ಇವಂದು ಯಾರ ಧಾಟಿ?" ಅಂತ ನನ್ನ ಕೇಳಿದರು. "ಇವಂದ ರೀ," ಅಂದೆ.

ಹುಡುಗ ಮಾತ್ರ ಇನ್ನೂ ಒಪ್ಪಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಚಲೋ ಆತ್ರಿ ಸರ, ಆದ್ರ ಒರಿಜಿನಲ್ ಹಂಗ ಇಲ್ರಿ," ಅಂದ.

ಮೊನ್ನೆ ಚಿಕ್ಕೋಡಿ ಕಡೆಯಿಂದ ಫೋನ್ ಬಂತು. ಹೊಸ ಹುಡುಗರ ತಂಡ, ಜಾತ್ರೆಗೆ ಪಾರಿಜಾತ ಆಡುತ್ತಾರಂತೆ, ಹಾಡು ಕೂಡಿಸಿಕೊಡಬೇಕಂತೆ. ಖುಷಿಯಾಗಿ ಹೂಂ ಅಂದೆ. ಆ ಕಡೆಯವನು ಫೋನ್ ಇಡುವ ಮೊದಲು, "ಸರ, ಒರಿಜಿನಲ್ ಹಂಗ ಆಗಬೇಕ ನೋಡ್ರಿ. ಯೂಟ್ಯೂಬ್ ಲಿಂಕ್ ಹಾಕೀನಿ," ಅಂದ.

ಲಿಂಕ್ ಬಂದಿದೆ. ಇನ್ನೂ ತೆಗೆದು ನೋಡಿಲ್ಲ.