ಮೈದಾನದಲ್ಲಿ ಊರಿದ ಮೊಣಕಾಲು

ಡಿಸೆಂಬರ್ 24ರ ಸಂಜೆ ಮಂಗಳೂರಿನ ಯಾವ ಚರ್ಚಿನ ಮೈದಾನಕ್ಕೆ ಹೋದರೂ ನೋಟ ಹೆಚ್ಚುಕಡಿಮೆ ಒಂದೇ. ತೆಂಗಿನ ಮರಗಳ ನಡುವೆ ತೂಗುವ ನಕ್ಷತ್ರಗಳು, ತೆರೆದ ವೇದಿಕೆಯ ಮೇಲೆ ಬಲಿಪೀಠ, ಪಕ್ಕದಲ್ಲಿ ಯೇಸುವಿನ ಜನನವನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿ, ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿಗಳು, ಜಾಗ ಸಿಗದೆ ಗೋಡೆಗೆ ಒರಗಿ ನಿಂತ ಹುಡುಗರು. ಧರ್ಮಗುರುಗಳ ಪ್ರವಚನ ಮುಗಿದ ಮೇಲೆ ಎಲ್ಲರೂ ಎದ್ದು ತಮ್ಮ ನಂಬಿಕೆಯ ಸಾರವಾದ ವಿಶ್ವಾಸ ಪ್ರಮಾಣವನ್ನು ಹೇಳತೊಡಗುತ್ತಾರೆ. ದೇವರ ಮಗ ಸ್ವರ್ಗದಿಂದ ಇಳಿದು ಬಂದು, ಕನ್ಯಾ ಮರಿಯಳಲ್ಲಿ ದೇಹ ಧರಿಸಿ ಮನುಷ್ಯರಾದರು ಎಂಬ ಸಾಲು ಬಂದಾಗ ಅಷ್ಟೂ ಜನ ಒಮ್ಮೆಲೇ ಮೊಣಕಾಲೂರುತ್ತಾರೆ. ಹೊಸ ಸೀರೆಯಾಗಲಿ, ಇಸ್ತ್ರಿ ಮಾಡಿದ ಪ್ಯಾಂಟಾಗಲಿ, ಮಣ್ಣಿಗೆ ಇಳಿಯಲೇಬೇಕು. ಸಾಲು ಮುಗಿದೊಡನೆ ಧೂಳು ಕೊಡವಿಕೊಂಡು ಏಳುತ್ತಾರೆ. ಹೆಚ್ಚೆಂದರೆ ಹತ್ತು ಸೆಕೆಂಡು.

ಉಳಿದ ಭಾನುವಾರಗಳಲ್ಲಿ ಅದೇ ಸಾಲಿಗೆ ತಲೆ ಬಾಗಿದರೆ ಸಾಕು. ಮೊಣಕಾಲೂರಬೇಕಾದದ್ದು ವರ್ಷದಲ್ಲಿ ಎರಡೇ ಹಬ್ಬಗಳಿಗೆ: ದೇವದೂತ ಗಬ್ರಿಯೇಲ ಮರಿಯಳಿಗೆ ಸಂದೇಶ ತಂದ ಮಾರ್ಚ್ 25 ಮತ್ತು ಹಿಂದಿನ ಸಂಜೆಯ ಪೂಜೆಯೂ ಸೇರಿದಂತೆ ಡಿಸೆಂಬರ್ 25. ನಡುವೆ ಒಂಬತ್ತು ತಿಂಗಳು. ಕ್ರಿಸ್ಮಸ್ ಎಂದರೆ ಯೇಸುವಿನ ಹುಟ್ಟುಹಬ್ಬ ಎಂದು ಶಾಲೆಯಲ್ಲಿ ಬರೆದು ಅಂಕ ಪಡೆದವರು ನಾವೆಲ್ಲ. ಉತ್ತರ ತಪ್ಪಲ್ಲ, ಆದರೆ ಕಥೋಲಿಕ ನಂಬಿಕೆಯ ಲೆಕ್ಕದಲ್ಲಿ ಅದಕ್ಕೆ ಅರ್ಧ ಅಂಕ ಕೊಡಬಹುದು. ಹುಟ್ಟುಹಬ್ಬಕ್ಕೆ ಯಾರೂ ಮೊಣಕಾಲೂರುವುದಿಲ್ಲ. ಇದು ದೇಹದ ಹಬ್ಬ. ದೇವರಿಗೆ ಮೈ ಬಂತು, ಹಸಿವು ಬಂತು, ಸಾವೂ ಬಂತು ಎಂಬುದನ್ನು ಒಪ್ಪಿಕೊಳ್ಳುವ ಹಬ್ಬ. ಇಷ್ಟನ್ನು ಒಪ್ಪಿಕೊಳ್ಳಲು ಕ್ರೈಸ್ತರಿಗೇ ಕೆಲವು ಶತಮಾನಗಳು ಹಿಡಿದವು.

ಮೊದಮೊದಲ ಕ್ರೈಸ್ತರಿಗೆ ಕ್ರಿಸ್ಮಸ್ ಇರಲಿಲ್ಲ. ಅವರ ಹಬ್ಬ ಈಸ್ಟರ್, ಅವರ ವಾರದ ದಿನ ಭಾನುವಾರ. ಸತ್ತವನು ಎದ್ದು ಬಂದ ಸುದ್ದಿಯ ಎದುರು ಅವನು ಹುಟ್ಟಿದ ದಿನ ಯಾವುದೆಂದು ಯಾರು ಕೇಳುತ್ತಾರೆ? ಯೇಸುವಿನ ಬದುಕನ್ನು ಹೇಳುವ ಶುಭಸಂದೇಶಗಳಲ್ಲಿ ಮಾರ್ಕನದು ಅವನ ಬಾಲ್ಯವನ್ನೇ ಹೇಳದೆ ಜೋರ್ಡಾನ್ ನದಿಯ ದೀಕ್ಷಾಸ್ನಾನದಿಂದ ಶುರುವಾಗುತ್ತದೆ. ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ದೇವರ ಮಗ ಒಬ್ಬ ಸ್ತ್ರೀಯಲ್ಲಿ ಜನಿಸಿದನು ಎಂದಷ್ಟೇ ಹೇಳಿ ಮುಂದೆ ಸಾಗುತ್ತಾನೆ. ಜನನದ ಕಥೆ ಇರುವುದು ಮತ್ತಾಯ ಮತ್ತು ಲೂಕರಲ್ಲಿ ಮಾತ್ರ, ಅವರಿಬ್ಬರೂ ತಾರೀಖು ಬರೆಯಲಿಲ್ಲ. ಮೂರನೆಯ ಶತಮಾನದ ಪಂಡಿತ ಒರಿಜೆನ್ ಅಂತೂ ಹುಟ್ಟುಹಬ್ಬ ಎಂದರೆ ಮೂಗು ಮುರಿಯುತ್ತಿದ್ದ. ಪವಿತ್ರ ಗ್ರಂಥದಲ್ಲಿ ಹುಟ್ಟುಹಬ್ಬ ಮಾಡಿಕೊಂಡವರು ಫರೋಹ, ಹೆರೋದರಂಥ ಪಾಪಿಗಳು ಮಾತ್ರ ಎಂಬುದು ಅವನ ವಾದ.

ಇನ್ನೊಂದು ಕಡೆಯಿಂದ ಬೇರೊಂದು ಬಗೆಯ ಮೂಗು ಮುರಿಯುವಿಕೆ ಶುರುವಾಗಿತ್ತು. ದೇವರು ಶುದ್ಧ, ಮಾಂಸ ಅಶುದ್ಧ, ಆದ್ದರಿಂದ ಕ್ರಿಸ್ತನ ದೇಹ ನಿಜವಾದದ್ದಲ್ಲ, ಕಣ್ಣಿಗೆ ಹಾಗೆ ತೋರಿತು ಅಷ್ಟೇ ಎಂದು ಕೆಲವರು ಹೇಳತೊಡಗಿದರು. ಹಸಿದಂತೆ ಕಂಡ, ಅತ್ತಂತೆ ಕಂಡ, ಸತ್ತಂತೆ ಕಂಡ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಧರ್ಮಾಧ್ಯಕ್ಷ ಇಗ್ನಾಸಿಯಸ್, ಸಾಯಲೆಂದು ರೋಮಿಗೆ ಒಯ್ಯಲ್ಪಡುವ ದಾರಿಯಲ್ಲಿ ಬರೆದ ಪತ್ರಗಳಲ್ಲಿ ಈ ವಾದದ ಮೇಲೆ ಸಿಡಿದೆದ್ದರು. ಕ್ರಿಸ್ತನು ನಿಜವಾಗಿ ಹುಟ್ಟಿದ, ನಿಜವಾಗಿ ಉಂಡ, ಕುಡಿದ, ನಿಜವಾಗಿ ಸತ್ತ ಎಂದು ಅವರು ‘ನಿಜವಾಗಿ’ ಎಂಬುದನ್ನು ಮತ್ತೆ ಮತ್ತೆ ಒತ್ತಿ ಬರೆದರು. ಅವನ ದೇಹ ತೋರಿಕೆಯಾದರೆ ನನ್ನ ಈ ಸಂಕೋಲೆಯೂ ತೋರಿಕೆಯೇ ಎಂಬ ಅರ್ಥದ ಮಾತು ಅಲ್ಲಿದೆ. ಕ್ರಿಸ್ಮಸ್ಸಿನ ನಿಜವಾದ ಬೀಜ ನನಗೆ ಕಾಣುವುದು ಆ ಸಂಕೋಲೆಯಲ್ಲಿ.

ತಾರೀಖಿನ ವಿಷಯಕ್ಕೆ ಬಂದರೆ, ಡಿಸೆಂಬರ್ 25 ಕ್ರಿಸ್ತನ ಜನನದ ದಿನವೆಂದು ಬರೆದಿಟ್ಟ ಹಳೆಯ ದಾಖಲೆ ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗದ್ದು. ಅದರೊಳಗಿನ ಪಟ್ಟಿ 336ರದೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಆ ದಿನವೇ ಏಕೆ ಎಂಬುದಕ್ಕೆ ಎರಡು ಉತ್ತರಗಳಿವೆ. ಚಕ್ರವರ್ತಿ ಔರೇಲಿಯನ್ 274ರಲ್ಲಿ ಅಜೇಯ ಸೂರ್ಯನ ಪೂಜೆಗೆ ರಾಜಮರ್ಯಾದೆ ಕೊಟ್ಟ. ಹಗಲು ಮತ್ತೆ ಬೆಳೆಯತೊಡಗುವ ಆ ದಿನವನ್ನು ಕ್ರೈಸ್ತರು ತಮ್ಮದಾಗಿಸಿಕೊಂಡರು ಎಂಬುದು ಒಂದು. ಯೇಸು ಶಿಲುಬೆಗೇರಿದ್ದು ಮಾರ್ಚ್ 25ರಂದು ಎಂಬ ಹಳೆಯ ನಂಬಿಕೆಯಿತ್ತು. ಅದೇ ದಿನ ಗರ್ಭದಲ್ಲಿ ಮೂಡಿದ್ದೂ ಹೌದೆಂದು ಭಾವಿಸಿ ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು ಎಂಬುದು ಇನ್ನೊಂದು. ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಈ ಎಣಿಕೆಯ ಕ್ರಮ ಮಾತ್ರ ಕರಾವಳಿಯವರಿಗೆ ಹೊಸದಲ್ಲ. ಸೆಪ್ಟೆಂಬರ್ 8ರಂದು ಹೊಸ ತೆನೆ ತಂದು ಮೊಂತಿ ಫೆಸ್ತ್ ಆಚರಿಸುತ್ತೇವೆ. ಅದು ಮರಿಯಮ್ಮನ ಜನನದ ಹಬ್ಬ. ಆಕೆ ತನ್ನ ತಾಯಿಯ ಗರ್ಭದಲ್ಲಿ ಪಾಪದ ಸೋಂಕಿಲ್ಲದೆ ಮೂಡಿದ ಹಬ್ಬ ಡಿಸೆಂಬರ್ 8. ಅಲ್ಲಿಯೂ ಒಂಬತ್ತೇ ತಿಂಗಳು. ಬಸುರಿಯ ದಿನಗಳನ್ನು ಬೆರಳಲ್ಲಿ ಎಣಿಸುವ ಅಜ್ಜಿಯರ ಲೆಕ್ಕವನ್ನು ಚರ್ಚು ತನ್ನ ಪಂಚಾಂಗದಲ್ಲಿ ಹಾಗೆಯೇ ಉಳಿಸಿಕೊಂಡಿದೆ.

ಸೂರ್ಯ ಅಷ್ಟು ಸುಲಭಕ್ಕೆ ಜಾಗ ಬಿಡಲಿಲ್ಲ ಎಂಬುದಕ್ಕೆ ಒಂದು ಸ್ವಾರಸ್ಯದ ಸಾಕ್ಷಿ ಇದೆ. 440ರಿಂದ 461ರವರೆಗೆ ಪೋಪ್ ಆಗಿದ್ದ ಮಹಾ ಲಿಯೋ ಒಂದು ಕ್ರಿಸ್ಮಸ್ ಪ್ರವಚನದಲ್ಲಿ ತಮ್ಮ ಜನರನ್ನು ಗದರುತ್ತಾರೆ: ಸಂತ ಪೇತ್ರರ ಬಸಿಲಿಕದ ಮೆಟ್ಟಿಲು ಹತ್ತಿದವರು ಒಳಗೆ ಕಾಲಿಡುವ ಮೊದಲು ಹಿಂದಿರುಗಿ ಉದಯಿಸುವ ಸೂರ್ಯನಿಗೆ ತಲೆಬಾಗುತ್ತಾರಲ್ಲ, ಇದೇನು? ಹಬ್ಬ ಹೊಸದು, ಅಭ್ಯಾಸ ಹಳೆಯದು.

ಈ ನಡುವೆ ವಿಶ್ವಾಸ ಪ್ರಮಾಣದ ಆ ಒಂದು ಸಾಲು ರೂಪುಗೊಳ್ಳುತ್ತಿತ್ತು. ಕ್ರಿಸ್ತನು ದೇವರ ಶ್ರೇಷ್ಠ ಸೃಷ್ಟಿ, ಆದರೆ ದೇವರೇ ಅಲ್ಲ ಎಂದು ಅಲೆಕ್ಸಾಂಡ್ರಿಯದ ಆರಿಯಸ್ ಎಂಬ ಗುರು ಬೋಧಿಸಿದ್ದರಿಂದ 325ರಲ್ಲಿ ನೈಸಿಯ ಪಟ್ಟಣದಲ್ಲಿ ಮಹಾಸಭೆ ಸೇರಿತು. ತಂದೆಯ ತತ್ವವೇ ಮಗನ ತತ್ವ ಎಂದು ಅದು ತೀರ್ಮಾನಿಸಿತು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯಿಂದ ಬಂದ ಪಾಠದಲ್ಲಿ ಪವಿತ್ರಾತ್ಮರೂ ಕನ್ಯಾ ಮರಿಯಳೂ ಆ ಸಾಲಿನೊಳಗೆ ಸೇರಿದರು. ಮರಿಯಳನ್ನು ದೇವಮಾತೆ ಎನ್ನಬಹುದೇ ಎಂಬ ಪ್ರಶ್ನೆಗೆ 431ರಲ್ಲಿ ಎಫೆಸದ ಮಹಾಸಭೆ ಹೌದೆಂದಿತು. ದೈವತ್ವ ಮತ್ತು ಮನುಷ್ಯತ್ವ ಎರಡೂ ಒಬ್ಬನಲ್ಲೇ ಪೂರ್ಣವಾಗಿವೆ, ಬೆರೆತಿಲ್ಲ, ಬೇರೆಯೂ ಆಗಿಲ್ಲ ಎಂದು 451ರಲ್ಲಿ ಕಾಲ್ಸೆಡನ್ನಿನ ಸಭೆ ಹೇಳಿತು. ಹೀಗೆ ನೂರಿಪ್ಪತ್ತಾರು ವರ್ಷಗಳ ಜಗಳದ ಫಲವನ್ನು ಮಂಗಳೂರಿನ ಮೈದಾನದಲ್ಲಿ ಹತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸುತ್ತೇವೆ.

ಕನ್ನಡದಲ್ಲಿ ಇದನ್ನು ಹೇಳಹೊರಟಾಗ ಮೊದಲು ಬಾಯಿಗೆ ಬರುವ ಮಾತು ‘ಅವತಾರ’. ಕಥೋಲಿಕರೂ ಮನುಷ್ಯಾವತಾರ ಎನ್ನುವುದುಂಟು. ಗೋವಾದಲ್ಲಿದ್ದ ಇಂಗ್ಲಿಷ್ ಜೆಸ್ವಿತ್ (ಯೇಸು ಸಭೆಯ) ಗುರು ತೋಮಸ್ ಸ್ಟೀಫನ್ಸ್ 1616ರಲ್ಲಿ ಯೇಸುವಿನ ಕಥೆಯನ್ನು ಮರಾಠಿಯ ಓವಿ ಪದ್ಯಗಳಲ್ಲಿ ಹಾಡಿದಾಗ ಸ್ವರ್ಗಕ್ಕೆ ವೈಕುಂಠ ಎಂದೇ ಕರೆದರು. ಆ ‘ಕ್ರಿಸ್ತಪುರಾಣ’ 1907ರಲ್ಲಿ ಮಂಗಳೂರಿನಲ್ಲಿ ಮತ್ತೆ ಅಚ್ಚಾಯಿತು. ಮಾತು ಒಂದೇ ಆದರೂ ಒಳಗಿನ ತಿಳಿವಳಿಕೆ ಬೇರೆ. ಕಲ್ಯಾಣಪುರದ ಮಿಲಾಗ್ರಿಸ್ ಕೆಥೆಡ್ರಲಿನಿಂದ ಕೆಲವೇ ಮೈಲಿ ದಕ್ಷಿಣಕ್ಕೆ ಉಡುಪಿಯ ಕೃಷ್ಣಮಠವಿದೆ. ಮಧ್ವಾಚಾರ್ಯರ ಮತದಲ್ಲಿ ಭಗವಂತನ ಅವತಾರದ ದೇಹ ಪ್ರಾಕೃತವಲ್ಲ. ನಮ್ಮ ರಕ್ತಮಾಂಸದ ಜಡದಿಂದ ಆದದ್ದಲ್ಲ. ಅವತಾರಗಳು ಹಲವು, ಎಲ್ಲವೂ ಪೂರ್ಣ. ಕಥೋಲಿಕ ನಂಬಿಕೆ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಮರಿಯಳಿಂದ ಪಡೆದ ದೇಹ ನಮ್ಮದರಂಥದೇ. ಜ್ವರ ಬರಬಹುದಾದ, ಮೊಳೆ ಹೊಡೆದರೆ ಸಾಯುವ ದೇಹ. ಬಂದದ್ದು ಒಮ್ಮೆ ಮಾತ್ರ. ಕೆಲಸ ಮುಗಿದ ಮೇಲೆ ಆ ದೇಹವನ್ನು ಕಳಚಿಟ್ಟು ಹೋದದ್ದೂ ಅಲ್ಲ, ಗಾಯಗಳ ಸಮೇತ ಅದನ್ನು ಹೊತ್ತುಕೊಂಡೇ ಸ್ವರ್ಗಕ್ಕೆ ಏರಿದ್ದು. ಎರಡೂ ದೇವರ ಇಳಿತದ ಕಥೆಗಳೇ. ನೆರೆಹೊರೆಯವರು ಒಂದೇ ಮಾತನ್ನು ಆಡುತ್ತಲೇ ಬೇರೆ ಬೇರೆ ಅರ್ಥವನ್ನು ಗೌರವದಿಂದ ಕಾಪಾಡಿಕೊಂಡು ಬಂದದ್ದು ಈ ಜಿಲ್ಲೆಗಳ ದೊಡ್ಡ ವಿದ್ಯೆ.

ಇನ್ನು ಗೋದಲಿ. ಪೇಟೆಯ ಅಂಗಡಿಗಳಲ್ಲಿ ಮಿಣುಕುದೀಪ ಸುತ್ತಿದ ರೆಡಿಮೇಡ್ ಗೋದಲಿ ಕೊಳ್ಳುವ ಇಂದಿನ ಮಕ್ಕಳಿಗೆ ಅದರ ಅರ್ಥ ಗೊತ್ತೋ ಇಲ್ಲವೋ. ಗೋದಲಿ ಎಂದರೆ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುವ ಜಾಗ. ಕೂಸು, ತಾಯಿ, ಕುರುಬರು, ನಕ್ಷತ್ರ ಎಲ್ಲ ಇರುವ ಇಡೀ ದೃಶ್ಯಕ್ಕೆ ಮೇವಿನ ತೊಟ್ಟಿಯ ಹೆಸರಿಟ್ಟದ್ದು ಸುಮ್ಮನೆ ಅಲ್ಲ ಅನ್ನಿಸುತ್ತದೆ. ತಿನ್ನುವ ವಸ್ತು ಇಡುವ ಕಡೆ ಲೂಕನು ಕೂಸನ್ನು ಮಲಗಿಸಿದ್ದಾನೆ. ಬೆತ್ಲೆಹೇಮ್ ಎಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಆಗಿದ್ದ ಮಹಾ ಗ್ರೆಗೊರಿ ತಮ್ಮ ಕ್ರಿಸ್ಮಸ್ ಪ್ರವಚನದಲ್ಲಿ ಇದೇ ಎಳೆಯನ್ನು ಹಿಡಿದರು: ಜೀವದ ರೊಟ್ಟಿ ನಾನೇ ಎಂದವನು ರೊಟ್ಟಿಯ ಮನೆಯಲ್ಲಿ ಹುಟ್ಟಿದ, ಮೇವಿನ ತೊಟ್ಟಿಯಲ್ಲಿ ಮಲಗಿದ. ಕಥೋಲಿಕರಿಗೆ ಗೋದಲಿಯೂ ಬಲಿಪೀಠವೂ ಅಕ್ಕಪಕ್ಕ ಇರುವುದಕ್ಕೆ ಕಾರಣ ಇದು. ಒಂದರಲ್ಲಿ ದೇಹ ಬಂತು, ಇನ್ನೊಂದರಲ್ಲಿ ಅದೇ ದೇಹ ರೊಟ್ಟಿಯ ರೂಪದ ಪರಮ ಪ್ರಸಾದವಾಗಿ ಕೈಗೆ ಸಿಗುತ್ತದೆ. ಆ ಪ್ರಸಾದ ಕೊಡುವ ಬಲಿಪೂಜೆ ಬಿಟ್ಟು ಬರೀ ಗೋದಲಿ ನೋಡಿ ಬಂದವನ ಕ್ರಿಸ್ಮಸ್, ಎಲೆ ಹಾಕಿಸಿಕೊಂಡು ಊಟ ಮಾಡದೆ ಎದ್ದಂತೆ.

ಈ ಮಾತನ್ನು ಕಣ್ಣಿಗೆ ಕಾಣಿಸಿದವರು ಅಸಿಸಿಯ ಸಂತ ಫ್ರಾನ್ಸಿಸ್. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅವರು ಒಂದು ಮೇವಿನ ತೊಟ್ಟಿ, ಅದರಲ್ಲಿ ಹುಲ್ಲು, ಪಕ್ಕದಲ್ಲಿ ಒಂದು ಎತ್ತು, ಒಂದು ಕತ್ತೆ ಇರುವಂತೆ ಮಾಡಿಸಿದರು. ಎತ್ತು ಕತ್ತೆಗಳು ಶುಭಸಂದೇಶದ ಜನನದ ಕಥೆಯಲ್ಲಿ ಇಲ್ಲ. ಎತ್ತು ತನ್ನ ಯಜಮಾನನನ್ನು, ಕತ್ತೆ ಒಡೆಯನ ಗೋದಲಿಯನ್ನು ಬಲ್ಲದು, ನನ್ನ ಜನ ಮಾತ್ರ ನನ್ನನ್ನು ತಿಳಿಯರು ಎಂಬ ಪ್ರವಾದಿ ಯೆಶಾಯನ ಅಳಲಿನಿಂದ ಅವು ಬಂದವು. ಆ ತೊಟ್ಟಿಯ ಬಳಿಯೇ ಬಲಿಪೂಜೆ ನಡೆಯಿತು. ಗುರುವಾಗದೆ ಸೇವಕ ದೀಕ್ಷೆಯಲ್ಲೇ ಉಳಿದಿದ್ದ ಫ್ರಾನ್ಸಿಸ್ ಶುಭಸಂದೇಶವನ್ನು ಹಾಡಿದರು. ಅವರ ಚರಿತ್ರೆ ಬರೆದ ಚೆಲಾನೊದ ತೋಮಸ್ ವಿವರಿಸುವ ಆ ಏರ್ಪಾಟಿನಲ್ಲಿ ಮಗುವಿನ ಬೊಂಬೆ ಇಲ್ಲ. ಮಗು ಬರಬೇಕಾದದ್ದು ಬಲಿಪೀಠದ ಮೇಲೆ.

ನಮ್ಮ ಕರಾವಳಿಗೆ ಈ ನಂಬಿಕೆ ಗಟ್ಟಿಯಾಗಿ ಬಂದದ್ದು ಗೋವಾದ ಕಡೆಯಿಂದ, ಪೋರ್ಚುಗೀಸರ ಕಾಲದಲ್ಲಿ. ಮಂಗಳೂರಿನ ರೊಸಾರಿಯೊ ಚರ್ಚಿನ ಮೂಲ 1568ರದು, ಮಿಲಾಗ್ರಿಸ್ ಚರ್ಚಿನದು 1680. ಗೋವಾದ ತೆರಿಗೆ, ಬರ, ಯುದ್ಧ, ನಂಬಿಕೆಯ ತಪ್ಪುಗಳನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಇನ್‌ಕ್ವಿಸಿಷನ್ನಿನ ಭಯ ಎಲ್ಲದಕ್ಕೂ ಬೆನ್ನು ತಿರುಗಿಸಿ ಬಂದ ಕೊಂಕಣಿ ಕುಟುಂಬಗಳು ಕೆಳದಿಯ ನಾಯಕರ ನಾಡಿನಲ್ಲಿ ಗದ್ದೆ ಮಾಡಿದವು. ಅವರ ಬಾಯಲ್ಲಿ ಹಬ್ಬದ ಹೆಸರು ನತಾಲಾಂ; ಜನನ ಎಂಬ ಲ್ಯಾಟಿನ್ ಮಾತು ಪೋರ್ಚುಗೀಸಿನ ಮೂಲಕ ಹಾದು ಬಂದದ್ದು. 1784ರಲ್ಲಿ ಟಿಪ್ಪು ಸುಲ್ತಾನ್ ಈ ಸಮುದಾಯವನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಧರ್ಮಗುರುಗಳನ್ನು ಗಡಿಪಾರು ಮಾಡಲಾಗಿತ್ತು, ಚರ್ಚುಗಳು ಕೆಡವಲ್ಪಟ್ಟವು. ಗುರುವಿಲ್ಲದ ಕಡೆ ಬಲಿಪೂಜೆಯಿಲ್ಲ. 1799ರಲ್ಲಿ ಬಿಡುಗಡೆಯಾಗುವವರೆಗಿನ ಹದಿನೈದು ಕ್ರಿಸ್ಮಸ್‌ಗಳನ್ನು ಅವರು ಹೇಗೆ ಕಳೆದಿರಬಹುದು ಎಂದು ಯೋಚಿಸಿದಾಗಲೆಲ್ಲ, ಹಬ್ಬದ ತಿಂಡಿಗಳಾದ ಕುಸ್ವಾರಿನ ತಟ್ಟೆಯಲ್ಲಿ ನೆವ್ರಿ, ಕಿಡ್ಯೊ ಕಡಿಮೆಯಾಯಿತೆಂದು ಗೊಣಗುವ ನಮ್ಮ ಬಗ್ಗೆ ನನಗೆ ನಗು ಬರುತ್ತದೆ.

ಬಲಿಪೂಜೆ ಇಲ್ಲದಾಗ ಕುಟುಂಬಕ್ಕೆ ಉಳಿಯುವುದು ಜಪಸರ ಮತ್ತು ಆಮೊರಿ. ದಿನಕ್ಕೆ ಮೂರು ಸಲ ಚರ್ಚಿನ ಗಂಟೆ ಬಾರಿಸಿದಾಗ ಹೇಳುವ ಆಮೊರಿ ಪ್ರಾರ್ಥನೆಯ ಹೃದಯದಲ್ಲಿ ಇರುವುದೂ ಅದೇ ಮಾತು: ದೇವರ ವಾಕ್ಯ ದೇಹವಾಯಿತು, ನಮ್ಮ ನಡುವೆ ವಾಸಿಸಿತು. ನಮ್ಮ ಮನೆಯಲ್ಲಿ ಸಂಜೆಯ ಆಮೊರಿ ಮುಗಿದ ಮೇಲೆ ಮಕ್ಕಳೆಲ್ಲ ಹಿರಿಯರ ಮುಂದೆ ಸಾಲಾಗಿ ನಿಂತು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಿದ್ದೆವು. ಕ್ರಿಸ್ಮಸ್ಸಿನ ಇಡೀ ತಿರುಳನ್ನು ದಿನಾ ಸಂಜೆ ಬಾಯಿಪಾಠ ಒಪ್ಪಿಸುತ್ತಿದ್ದೇವೆಂದು ದೊತೊರ್ನ್, ಅಂದರೆ ಧರ್ಮೋಪದೇಶದ, ತರಗತಿಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಹಿಂದೆಲ್ಲ ವಿಶ್ವಾಸ ಪ್ರಮಾಣದ ಆ ಸಾಲಿಗೆ ಪ್ರತಿ ಭಾನುವಾರವೂ ಮೊಣಕಾಲೂರುತ್ತಿದ್ದರು. ಪೂಜೆ ಲ್ಯಾಟಿನ್ನಿನಲ್ಲಿತ್ತು, ಅರ್ಥವಾಗದಿದ್ದರೂ ಎಲ್ಲಿ ಬಗ್ಗಬೇಕೆಂದು ಅಜ್ಜಿಗೆ ಗೊತ್ತಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನೆಯ ಸುಧಾರಣೆಗೆ ಒಪ್ಪಿಗೆ ಕೊಟ್ಟ ಮೇಲೆ ಕೊಂಕಣಿ, ಕನ್ನಡ ಬಲಿಪೀಠವನ್ನು ಹತ್ತಿದವು. ಆ ಸುಧಾರಣೆಯ ಹೊಸ ಪೂಜಾಕ್ರಮದಲ್ಲಿ ಮೊಣಕಾಲು ಎರಡು ಹಬ್ಬಗಳಿಗೆ ಸೀಮಿತವಾಯಿತು. ಅರ್ಥ ಸಿಕ್ಕಿತು, ಬಗ್ಗುವುದು ಕಡಿಮೆಯಾಯಿತು ಎಂದು ಕೆಲವು ಹಿರಿಯರು ಗೊಣಗುವುದುಂಟು. ನನಗೆ ಮಾತ್ರ ಎರಡು ಸಲದ ಲೆಕ್ಕವೇ ಇಷ್ಟ. ವಾರವಾರವೂ ಮಾಡಿದ್ದರೆ ಡಿಸೆಂಬರ್ 24ರ ಆ ಹತ್ತು ಸೆಕೆಂಡುಗಳನ್ನು ನಾನು ಗಮನಿಸುತ್ತಲೇ ಇರಲಿಲ್ಲ.

ಗ್ರೆಚ್ಚೊದ ಆ ರಾತ್ರಿಯ ಹುಲ್ಲನ್ನು ಜನ ಎತ್ತಿಟ್ಟುಕೊಂಡರೆಂದೂ ಕಾಯಿಲೆ ಬಿದ್ದ ದನಗಳಿಗೆ ಅದನ್ನು ತಿನ್ನಿಸಿದರೆ ಗುಣವಾಗುತ್ತಿತ್ತೆಂದೂ ಚೆಲಾನೊದ ತೋಮಸ್ ಬರೆಯುತ್ತಾನೆ. ನಮ್ಮ ಮನೆಯ ಗೋದಲಿಗೆ ಬೈಹುಲ್ಲು ಬರುತ್ತಿದ್ದದ್ದು ಹಟ್ಟಿಯಿಂದಲೇ. ಮೂವರು ರಾಜರ ಹಬ್ಬ ಮುಗಿದು ಬೊಂಬೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದ ಮೇಲೆ ಅಜ್ಜಿ ಆ ಹುಲ್ಲನ್ನು ಒಂದು ಕಡ್ಡಿಯೂ ಬಿಡದೆ ಬಾಚಿ, ಅಂಟಿಕೊಂಡಿದ್ದ ಮಿನುಗುಕಾಗದದ ಚೂರುಗಳನ್ನು ಆರಿಸಿ ತೆಗೆದು, ಕರು ಹಾಕಿದ ಹಸುವಿನ ಮುಂದೆ ಹಾಕುತ್ತಿದ್ದಳು.