ತುಕ್ಕು ತಿಂದ ಹಳೇ ಕಾರು, ಕೈಯಲ್ಲಿ ಕಡಿಮೆ ಕಾಸು: ಕೆಲಸದ ಕ್ರಮ ಕುರಿತ ಟಿಪ್ಪಣಿ

ವರ್ಷಗಟ್ಟಲೆ ನಿಂತಲ್ಲೇ ನಿಂತ ಕಾರಿನ ಖರ್ಚು ಕೈಮೀರುವುದು ಹೆಚ್ಚಾಗಿ ಕೆಲಸದ ಕ್ರಮ ತಪ್ಪಿದ್ದಕ್ಕೆ. ಮೊದಲು ಬಣ್ಣ ಹೊಡೆಸಿ, ಆಮೇಲೆ ನೆಲದ ತಗಡು ಕಿತ್ತು ವೆಲ್ಡಿಂಗ್ ಮಾಡಿದರೆ ಬಣ್ಣಕ್ಕೆ ಎರಡು ಸಲ ದುಡ್ಡು ಸುರಿಯಬೇಕು. ಎಂಜಿನ್ ಬಿಚ್ಚಿ ಹೊಸ ಪಿಸ್ಟನ್ ರಿಂಗ್ ಹಾಕಿದ ಮೇಲೆ ಬಾಗಿಲ ಕೆಳಗಿನ ಸಿಲ್ ಕೈಯಲ್ಲೇ ಪುಡಿಯಾದರೆ, ಆ ಎಂಜಿನ್ ಕೂರಿಸಲು ಕಾರೇ ಇರುವುದಿಲ್ಲ. ಹಾಗಾಗಿ ದುಡ್ಡು ಹೋಗಬೇಕಾದ ಕ್ರಮ ಹೀಗಿರಲಿ: ಮೊದಲು ಭಾರ ಹೊರುವ ಲೋಹ, ಆಮೇಲೆ ಬ್ರೇಕ್, ನಂತರ ಎಂಜಿನ್, ಕಟ್ಟಕಡೆಗೆ ಬಣ್ಣ. ಎಂಜಿನ್ ತಿರುಗುತ್ತದೆಯೇ ಎಂಬ ಪರೀಕ್ಷೆಯನ್ನು ಮಾತ್ರ ಶುರುವಿನಲ್ಲೇ ಮಾಡಿಕೊಳ್ಳಬಹುದು, ಅದಕ್ಕೆ ಖರ್ಚಿಲ್ಲ.

ಕಾರನ್ನು ಇನ್ನೂ ಕೊಂಡಿಲ್ಲವೆಂದರೆ ಒಂದು ಮಾತು. ಎಂಜಿನ್ ಕೆಟ್ಟಿದ್ದರೂ ಪರವಾಗಿಲ್ಲ, ಬಿಡಿಭಾಗ ಪೂರ್ತಿ ಇರುವ ಕಾರನ್ನೇ ಆರಿಸಿ. ಕಳೆದುಹೋದ ಗಾಜಿನ ಸುತ್ತಲಿನ ಕ್ರೋಮ್ ಪಟ್ಟಿ, ದೀಪದ ರಿಂಗ್, ಮೀಟರ್, ಬಾಗಿಲ ಹಿಡಿಕೆ, ಇಂಥ ಸಣ್ಣ ಸಾಮಾನು ಹುಡುಕುವುದಕ್ಕೇ ಗ್ಯಾಸ್ಕೆಟ್ ಸೆಟ್‌ಗಿಂತ ಹೆಚ್ಚು ಹಣ, ಹೆಚ್ಚು ಸಮಯ ಹೋಗುತ್ತದೆ.

ತುಕ್ಕು ಒಳಗಿನಿಂದ ಬರುತ್ತದೆ

ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಸಿಕ್ಕರೆ ತುಕ್ಕು. ಉಪ್ಪು ಸೇರಿದರೆ ಆ ನೀರಿನಲ್ಲಿ ವಿದ್ಯುತ್ ಇನ್ನೂ ಸಲೀಸಾಗಿ ಹರಿದು ಕ್ರಿಯೆ ಚುರುಕಾಗುತ್ತದೆ. ತುಕ್ಕು ತಾನು ತಿಂದ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತು ಸ್ಪಾಟ್ ವೆಲ್ಡ್ (ಅಲ್ಲಲ್ಲಿ ಚುಕ್ಕೆಯಂತೆ ಬೆಸುಗೆ) ಆಗಿರುವ ಅಂಚಿನಲ್ಲಿ ತುಕ್ಕು ಹೊಕ್ಕರೆ ತಗಡುಗಳನ್ನು ದೂಡಿ ಬಾಯಿ ಬಿಡಿಸುತ್ತದೆ. ಬಿರುಕು ಅಗಲವಾದಷ್ಟೂ ನೀರು ಹೆಚ್ಚು ನಿಲ್ಲುತ್ತದೆ. ಸಿಲ್, ಕಂಬ, ಚಾಸಿಯ ಪೆಟ್ಟಿಗೆಯಾಕಾರದ ಭಾಗಗಳು ಒಳಗೆ ಟೊಳ್ಳು. ನೀರು ಹೊರಹೋಗುವ ತೂತು ಮಣ್ಣಿನಿಂದ ಕಟ್ಟಿಕೊಂಡರೆ ಅವು ಒಳಗೇ ಕೊಳೆಯುತ್ತವೆ. ಬಣ್ಣದ ಮೇಲೆ ಗುಳ್ಳೆ ಎದ್ದಿದೆಯೆಂದರೆ ತುಕ್ಕು ಒಳಮುಖವನ್ನು ತಿಂದು ಮುಗಿಸಿ ಈಚೆ ಬಂದಿದೆ ಎಂದರ್ಥ. ಹೊರಗೆ ನಾಣ್ಯದಷ್ಟು ತೂತು ಕಂಡರೆ ಒಳಗೆ ಅಂಗೈಯಗಲ ತಗಡು ತೆಳುವಾಗಿರುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳಿ.

ತಪಾಸಣೆಗೆ ಬೇಕಾದುದು ಟಾರ್ಚು, ಬಟ್ಟೆ ಸುತ್ತಿದ ಅಯಸ್ಕಾಂತ, ಹಳೆಯ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ. ಅಯಸ್ಕಾಂತ ಅಂಟದೆ ಜಾರುವ ಕಡೆ ಅಡಿಯಲ್ಲಿ ದಪ್ಪ ಪುಟ್ಟಿ ಇದೆ. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಗಟ್ಟಿ ತಗಡು ಕಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಡಬ್ ಎನ್ನುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸಂಕೋಚ ಬೇಡ, ಈಗ ತೂತಾಗುವ ತಗಡು ಆಮೇಲೂ ಉಳಿಯುವುದಿಲ್ಲ. ಸಿಲ್, ಸಸ್ಪೆನ್ಷನ್ ಹಾಗೂ ಸೀಟ್ ಬೆಲ್ಟ್ ಬೋಲ್ಟ್ ಆಗುವ ಜಾಗ, ಜ್ಯಾಕ್ ಕೊಡುವ ಜಾಗ, ಬಾಗಿಲ ಹಿಂಜಿನ ಕಂಬ, ಬ್ಯಾಟರಿ ತಟ್ಟೆ, ಸ್ಟೆಪ್ನಿ ಗುಂಡಿ, ಮುಂದಿನ ಗಾಜಿನ ಕೆಳಮೂಲೆ ಇವಿಷ್ಟನ್ನೂ ನೋಡಲೇಬೇಕು. ಮಡ್‌ಗಾರ್ಡ್ ಅಂಚಿನ ತೂತು ಕಣ್ಣಿಗೆ ರಾಚುತ್ತದೆ, ಆದರೆ ಅದು ಅಂದಗೆಟ್ಟದ್ದಷ್ಟೇ. ಸಸ್ಪೆನ್ಷನ್ ಬುಡದ ತೂತು ಜೀವಕ್ಕೆ ಅಪಾಯ.

ತುಕ್ಕು ಹಿಡಿದ ಜ್ಯಾಕ್ ಪಾಯಿಂಟನ್ನು ನಂಬಿ ಕಾರಿನಡಿಗೆ ನುಸುಳಬೇಡಿ. ಆಕ್ಸಲ್ ಅಡಿಗೋ ಗಟ್ಟಿಯಿರುವ ಚಾಸಿಯ ಅಡಿಗೋ ಸ್ಟ್ಯಾಂಡ್ ಕೊಟ್ಟು, ಕಾರನ್ನು ಚೆನ್ನಾಗಿ ಅಲುಗಾಡಿಸಿ ನೋಡಿ, ಆಮೇಲೆ ಹೋಗಿ.

ನಿಂತ ಎಂಜಿನ್‌ಗೆ ಸೆಲ್ಫ್ ಹೊಡೆಯಬೇಡಿ

ಬ್ಯಾಟರಿ ಕಟ್ಟಿ ಒಮ್ಮೆ ಸೆಲ್ಫ್ ಹೊಡೆದು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಸಿಲಿಂಡರ್ ಗೋಡೆಗೆ ತುಕ್ಕಿನಿಂದ ಅಂಟಿದ ರಿಂಗ್ ಮುರಿಯುವುದು, ಅಂಟಿಕೊಂಡ ವಾಲ್ವ್ ತನ್ನನ್ನು ತೆರೆಯುವ ಕಡ್ಡಿಯನ್ನು (ಪುಶ್‌ರಾಡ್) ಬಗ್ಗಿಸುವುದು ಆಗಲೇ. ಮೊದಲು ಡಿಪ್‌ಸ್ಟಿಕ್ ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಮತ್ತು ಅಸಿಟೋನನ್ನು ಸಮಪಾಲು ಕಲಸಿ ಪ್ರತಿ ಸಿಲಿಂಡರಿಗೆ 15 ಮಿ.ಲೀ.ನಷ್ಟು ಬಿಡಿ. ಎರಡೂ ಬೇಗ ಬೇರ್ಪಡುತ್ತವೆ, ಆದ್ದರಿಂದ ಪ್ರತಿ ಸಲವೂ ಕುಲುಕಬೇಕು. ಬೆಂಕಿ ಹತ್ತಿರ ಸುಳಿಯಬಾರದು. ಎರಡು ಮೂರು ದಿನ ಬಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಹಿಂದೆ ಮುಂದೆ ಕೂದಲೆಳೆಯಷ್ಟು ಆಡಿಸಿ. ಉದ್ದನೆಯ ಪೈಪ್ ಸಿಕ್ಕಿಸಿ ಜಗ್ಗಿದರೆ ಬೋಲ್ಟೇ ಮುರಿಯುತ್ತದೆ. ಆಡಲಿಲ್ಲವೆಂದರೆ ಮತ್ತೆ ಬಿಡಿ, ಮತ್ತೆ ಕಾಯಿರಿ. ವಾರಗಳೇ ಹಿಡಿಯಬಹುದು, ಅಷ್ಟರಲ್ಲಿ ಬಾಡಿ ಕೆಲಸ ಸಾಗುತ್ತಿರಲಿ.

ತಿರುಗಿತೆಂದರೆ ಆಯಿಲ್, ಫಿಲ್ಟರ್ ಬದಲಿಸಿ, ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಬರಿಸಿ. ಸೆಲ್ಫ್ ಹೊಡೆಯುವ ಮುನ್ನ ಇಗ್ನಿಷನ್ ಕಾಯಿಲ್ ತಂತಿ ಬಿಡಿಸಿಡಿ, ಪ್ಲಗ್ ತೂತುಗಳ ಮೇಲೆ ಬಟ್ಟೆ ಹಾಸಿ, ಒಳಗುಳಿದ ಎಣ್ಣೆ ಚಿಮ್ಮುತ್ತದೆ. ಆಮೇಲೆ ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ (ಪಿಸ್ಟನ್ ಮೇಲೇರಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ) ಅಳೆಯಿರಿ. ಅಂಕಿ ಎಷ್ಟಿದೆ ಎಂಬುದಕ್ಕಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಅದು ಶೇ. 15ರೊಳಗಿದ್ದರೆ ನೆಮ್ಮದಿ. ಒಂದು ಸಿಲಿಂಡರ್ ಬಿದ್ದುಹೋಗಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಅಂಕಿ ಏರಿದರೆ ರಿಂಗ್ ಸವೆದಿದೆ ಅಥವಾ ಅಂಟಿದೆ, ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್. ಅಂಟಿದ ರಿಂಗ್ ಎಂಜಿನ್ ಕೆಲವು ಗಂಟೆ ಓಡಿದ ಮೇಲೆ ಸಡಿಲವಾಗುವುದುಂಟು. ಈ ಅಳತೆಯನ್ನೇ ಹಿಡಿದು ಎಂಜಿನ್ ಬಿಚ್ಚಲು ಹೊರಡುವುದು ಅವಸರ.

ತುಕ್ಕು ತೆಗೆಯುವ ಅಗ್ಗದ ದಾರಿಗಳು

ಬಿಚ್ಚಿ ಮುಳುಗಿಸಬಹುದಾದ ಬ್ರಾಕೆಟ್, ಹಿಂಜು, ಬೋಲ್ಟ್‌ಗಳಿಗೆ ಸಿಟ್ರಿಕ್ ಆಮ್ಲ ಸಾಕು. ಲೀಟರ್ ನೀರಿಗೆ 50 ಗ್ರಾಂ, ಒಂದು ದಿನ. ಅದಕ್ಕಿಂತ ಹೆಚ್ಚು ಬಿಟ್ಟರೆ ಒಳ್ಳೆಯ ಲೋಹವನ್ನೂ ತಿನ್ನುತ್ತದೆ. ಹೊರತೆಗೆದು ತಂತಿ ಬ್ರಷ್‌ನಿಂದ ಉಜ್ಜಿ, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ, ತೊಳೆದು, ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಬೇಕು. ಒದ್ದೆಯಾಗಿ ಬಿಟ್ಟರೆ ಕಣ್ಣೆದುರಿಗೇ ಕಿತ್ತಳೆ ಬಣ್ಣದ ಹೊಸ ತುಕ್ಕು ಹಿಡಿಯುತ್ತದೆ. ಆತುರವಿಲ್ಲದವರಿಗೆ ಕಾಕಂಬಿ ಇನ್ನೂ ಅಗ್ಗ: ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಎರಡರಿಂದ ನಾಲ್ಕು ವಾರ. ಗಬ್ಬು ನಾರುತ್ತದೆ, ಆದರೆ ಉಕ್ಕನ್ನು ಮುಟ್ಟುವುದಿಲ್ಲವೆಂದೇ ಹೇಳಬಹುದು. ಅಲ್ಯೂಮಿನಿಯಂ, ಸತುವಿನ ಭಾಗಗಳನ್ನು ಮಾತ್ರ ಇವೆರಡಕ್ಕೂ ಹಾಕಬಾರದು.

ದೊಡ್ಡ ಭಾಗಕ್ಕೆ ವಿದ್ಯುದ್ವಿಭಜನೆ, ಅಂದರೆ ನೀರಿನಲ್ಲಿ ಕರೆಂಟ್ ಹರಿಸಿ ತುಕ್ಕು ಬಿಡಿಸುವುದು, ಒಳ್ಳೆಯದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ 10 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ. 12 ವೋಲ್ಟ್ ಚಾರ್ಜರಿನ ನೆಗೆಟಿವ್ ತಂತಿ ತುಕ್ಕಿನ ಭಾಗಕ್ಕೆ, ಪಾಸಿಟಿವ್ ಒಂದು ಹಳೆಯ ಕಬ್ಬಿಣದ ತುಂಡಿಗೆ. ತಿರುಗಾಮುರುಗಾ ಆದರೆ ಕಾರಿನ ಭಾಗವೇ ಕರಗುತ್ತದೆ. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಬೇಡ, ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಇದರಲ್ಲಿ ಹೈಡ್ರೋಜನ್ ಏಳುವುದರಿಂದ ತೆರೆದ ಜಾಗದಲ್ಲೇ ಮಾಡಿ. ಸ್ಪ್ರಿಂಗ್ ಹಾಗೂ ಗಡುಸು ಬೋಲ್ಟ್‌ಗಳಿಗೆ ಈ ವಿಧಾನ ಸಲ್ಲ, ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕು ಅವನ್ನು ಪೆಡಸಾಗಿಸುತ್ತದೆ.

ಬಾಡಿಯ ಮೇಲೆ ತಂತಿಯ ಕಪ್ ಬ್ರಷ್ ಮತ್ತು 80 ನಂಬರ್ ಫ್ಲ್ಯಾಪ್ ಡಿಸ್ಕ್ ಸಾಕು. ತಂತಿ ಎಳೆ ಕಣ್ಣಿಗೆ ಹಾರುತ್ತದೆ, ಪೂರ್ತಿ ಮುಖ ಮುಚ್ಚುವ ಕವಚವೇ ಇರಲಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು, ಮಾಸ್ಕ್ ಇಲ್ಲದೆ ಉಜ್ಜಬೇಡಿ. ಮರಳು ಬ್ಲಾಸ್ಟಿಂಗ್ ಚಾಸಿಗೆ ಸರಿ, ಬಾನೆಟ್, ಬಾಗಿಲಿನಂಥ ಅಗಲ ತಗಡಿಗೆ ಮಾಡಿಸಿದರೆ ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಇನ್ನು ತುಕ್ಕಿನ ಮೇಲೇ ಬಳಿಯುವ ರಸ್ಟ್ ಕನ್ವರ್ಟರ್: ಗುಂಡಿಗಳಲ್ಲಿ ಉಳಿದ ತೆಳು ತುಕ್ಕಿಗೆ ಅದು ಕೆಲಸ ಮಾಡುತ್ತದೆ, ಪದರ ಪದರವಾಗಿ ಏಳುವ ತುಕ್ಕಿನ ಮೇಲೆ ದುಡ್ಡು ದಂಡ.

ಕತ್ತರಿಸುವುದು, ಬೆಸೆಯುವುದು

ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಚೌಕ ಪೈಪ್ ಬೆಸೆದು ಬಿಗಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಬಾಡಿ ಮಧ್ಯದಲ್ಲಿ ಕುಗ್ಗಿ, ಹೊಸ ಸಿಲ್ ಬೆಸೆದ ಮೇಲೆ ಬಾಗಿಲು ಮುಚ್ಚುವುದೇ ಇಲ್ಲ. ಬಾಗಿಲ ಸಂದನ್ನು ಮೊದಲೇ ಅಳೆದು ಬರೆದಿಟ್ಟು, ಬೆಸೆಯುವ ನಡುನಡುವೆ ಬಾಗಿಲು ಕೂರಿಸಿ ನೋಡುತ್ತಿರಿ. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿಗೆ ಕೈ ಹಾಕಿ.

ತೂತಿನ ಸುತ್ತ ಹೊಳೆಯುವ, ದಪ್ಪ ಉಳಿದಿರುವ ತಗಡು ಸಿಗುವವರೆಗೆ ಕತ್ತರಿಸಿ. ತೇಪೆ ಚಿಕ್ಕದಾಗಲಿ ಎಂದು ತೆಳು ಅಂಚಿಗೇ ಬೆಸೆಯಲು ಹೋದರೆ ತಗಡು ಉರಿದು ತೂತು ದೊಡ್ಡದಾಗುತ್ತದೆ. ಹೊಸಬರ ವೆಲ್ಡಿಂಗ್ ಕೆಡುವುದು ಬಹುಪಾಲು ಇಲ್ಲೇ, ಮಷೀನಿನಿಂದಲ್ಲ. ಹೊರಮೈಗೆ 0.8ರಿಂದ 1 ಮಿ.ಮೀ., ನೆಲ ಮತ್ತು ಭಾರ ಹೊರುವ ಭಾಗಕ್ಕೆ 1.2 ಮಿ.ಮೀ. ಅಥವಾ ಮೂಲ ದಪ್ಪದ ತಗಡು. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೂರಿಸಿ ನೋಡಿದರೆ ತಗಡು ಹಾಳಾಗುವುದಿಲ್ಲ.

ಈ ದಪ್ಪಕ್ಕೆ ಮಿಗ್ ವೆಲ್ಡರ್ (ಬೆಸುಗೆ ತಂತಿ ತಾನೇ ಮುಂದೆ ಬರುವ ಮಷೀನು), 0.6 ಮಿ.ಮೀ. ತಂತಿ, ಆರ್ಗಾನ್-ಇಂಗಾಲದ ಡೈಆಕ್ಸೈಡ್ ಮಿಶ್ರಣ. ಕಡ್ಡಿ ವೆಲ್ಡಿಂಗ್ ಇಷ್ಟು ತೆಳುವಿಗೆ ಕಷ್ಟ. ಅಂಚಿಗೆ ಅಂಚು ಸೇರಿಸುವಲ್ಲಿ ತಂತಿ ದಪ್ಪಕ್ಕಿಂತ ಸ್ವಲ್ಪ ಹೆಚ್ಚು, 1 ಮಿ.ಮೀ. ಒಳಗೆ ಸಂದು ಬಿಡಿ. ಉದ್ದಕ್ಕೆ ಎಳೆಯಬೇಡಿ: ಒಂದು ಚುಕ್ಕೆ ಇಲ್ಲಿ, ಇನ್ನೊಂದು ಎದುರು ತುದಿಯಲ್ಲಿ, ಮೂರನೆಯದು ನಡುವೆ. ಬರಿಗೈ ಇಡುವಷ್ಟು ತಣ್ಣಗಾದ ಮೇಲೆಯೇ ಪಕ್ಕದ ಚುಕ್ಕೆ. ನೀರು ಸುರಿದು ತಣಿಸಿದರೆ ತಗಡು ಎಳೆದುಕೊಳ್ಳುತ್ತದೆ. ಕಾರ್ಖಾನೆಯ ಸ್ಪಾಟ್ ವೆಲ್ಡ್ ಇದ್ದ ಕಡೆ ಮೇಲಿನ ತಗಡಿನಲ್ಲಿ 6ರಿಂದ 8 ಮಿ.ಮೀ. ತೂತು ಕೊರೆದು, ತೂತಿನ ನಡುವಿನಿಂದ ಶುರುಮಾಡಿ ಸುತ್ತುತ್ತ ತುಂಬಿ. ಬೆಸುಗೆ ಹಿಡಿದಿದೆಯೇ? ಅದೇ ದಪ್ಪದ ಎರಡು ಚೂರು ತಗಡು ಬೆಸೆದು, ವೈಸ್‌ನಲ್ಲಿ ಕಚ್ಚಿಸಿ ಕಿತ್ತು ನೋಡಿ. ಬೆಸುಗೆ ಹಾಗೇ ಕಳಚಿಬಂದರೆ ಕರೆಂಟ್ ಸಾಲದು, ತಗಡು ಹರಿದು ಬಂದರೆ ಸರಿ. ಸಸ್ಪೆನ್ಷನ್ ಬುಡ, ಸೀಟ್ ಬೆಲ್ಟ್ ಜಾಗಕ್ಕೆ ಕೈ ಪಳಗುವ ತನಕ ಅನುಭವಿ ವೆಲ್ಡರನ್ನೇ ಕರೆಸಿ. ಉಳಿಸಿದ ದುಡ್ಡು ಖರ್ಚು ಮಾಡಬೇಕಾದ ಜಾಗ ಇದು.

ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿ ತಂತಿ ಬಿಚ್ಚಿ, ಸೀಟು, ಕಾರ್ಪೆಟ್, ಪೆಟ್ರೋಲ್ ಟ್ಯಾಂಕ್ ತೆಗೆದು ದೂರ ಇಡಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯಕಾರಿ, ಒಳಗಿನ ಆವಿ ಸಿಡಿಯುತ್ತದೆ. ಟ್ಯಾಂಕಿಗೆ ವೆಲ್ಡಿಂಗ್ ಎಂಬ ಮಾತೇ ಬೇಡ.

ಬ್ರೇಕ್: ಇಲ್ಲಿ ಉಳಿತಾಯವಿಲ್ಲ

ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್‌ನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ನ ಕನಿಷ್ಠ ಕುದಿಬಿಂದು ಹೊಸದಾಗಿದ್ದಾಗ 230 ಡಿಗ್ರಿ, ತೇವ ಹೀರಿದ ಮೇಲೆ 155 ಡಿಗ್ರಿ ಸೆಲ್ಸಿಯಸ್. ಆ ತೇವವೇ ಚಕ್ರದಲ್ಲಿ ಬ್ರೇಕ್ ಶೂಗಳನ್ನು ದೂಡುವ ವೀಲ್ ಸಿಲಿಂಡರನ್ನು ಒಳಗಿಂದ ತುಕ್ಕು ಹಿಡಿಸುತ್ತದೆ. ಸಿಲಿಂಡರಿನ ಒಳಮೈಗೆ ಉಗುರು ಎಳೆದು ನೋಡಿ: ಉಗುರು ಸಿಕ್ಕಿಕೊಂಡರೆ ಸಿಲಿಂಡರ್ ಬದಲಿಸಿ, ಬರೀ ಕಲೆಯಾಗಿದ್ದರೆ ಲಘುವಾಗಿ ಹೋನ್ ಮಾಡಿ (ಸಾಣೆಕಲ್ಲಿನಿಂದ ಒಳಮೈ ಉಜ್ಜಿ) ಹೊಸ ರಬ್ಬರ್ ಕಿಟ್ ಹಾಕಿ. ರಬ್ಬರ್‌ಗೆ ಪೆಟ್ರೋಲ್, ಎಂಜಿನ್ ಆಯಿಲ್, ಗ್ರೀಸ್ ತಾಗಿದರೆ ಊದಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ.

ಹೊರಗಿಂದ ಚೆನ್ನಾಗಿ ಕಾಣುವ ಹಳೆಯ ರಬ್ಬರ್ ಹೋಸ್ ಒಳಗೆ ಊದಿ ಕಿರಿದಾಗಿರುತ್ತದೆ. ಪೆಡಲಿನ ಒತ್ತಡಕ್ಕೆ ಆಯಿಲ್ ಮುಂದಕ್ಕೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಒಂದೇ ಚಕ್ರ ಹಿಡಿದುಕೊಂಡು ಬಿಸಿಯಾಗುತ್ತಿದ್ದರೆ ಮೊದಲ ಗುಮಾನಿ ಹೋಸ್ ಮೇಲೆ. ಹೋಸ್‌ಗಳನ್ನೆಲ್ಲ ಒಟ್ಟಿಗೇ ಬದಲಿಸಿ. ತುಕ್ಕು ತಿಂದ ಉಕ್ಕಿನ ಪೈಪ್ ಬದಲು ತಾಮ್ರ-ನಿಕಲ್ ಪೈಪ್ ಹಾಕಿದರೆ ಮತ್ತೆ ತುಕ್ಕಿನ ಚಿಂತೆಯಿಲ್ಲ, ಬಗ್ಗಿಸುವುದೂ ಸುಲಭ. ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: ಟೈರ್ ತಯಾರಾದ ವಾರ ಮತ್ತು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಳೆಯದು, ಪಟ್ಟೆ ಎಷ್ಟೇ ಆಳವಿರಲಿ ಅದರ ಮೇಲೆ ಓಡಿಸಬೇಡಿ.

ಪೆಟ್ರೋಲ್, ಕಿಡಿ, ವೈರಿಂಗ್

ಹಳೆಯ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಜೆಟ್‌ಗಳನ್ನು (ಪೆಟ್ರೋಲ್ ಹಾಯುವ ಸಣ್ಣ ತೂತುಗಳನ್ನು) ಮುಚ್ಚಿರುತ್ತದೆ. ಕಾರ್ಬುರೇಟರ್ ಬಿಚ್ಚಿ ಕ್ಲೀನರ್, ಗಾಳಿಯಿಂದ ತೊಳೆಯಿರಿ. ಜೆಟ್‌ಗೆ ತಂತಿ ತೂರಿಸಿದರೆ ತೂತು ದೊಡ್ಡದಾಗಿ ಮಿಶ್ರಣ ಶಾಶ್ವತವಾಗಿ ಕೆಡುತ್ತದೆ. ಇಂದಿನ ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರನ್ನು ಕೊಳೆಸುತ್ತದೆ, ಆದ್ದರಿಂದ ಪೈಪ್, ಪಂಪಿನ ಡಯಾಫ್ರಂ ಎರಡನ್ನೂ ಎಥನಾಲ್ ತಾಳುವಂಥದ್ದೇ ಹಾಕಿ. ಕಿಡಿಗಾಗಿ ಡಿಸ್ಟ್ರಿಬ್ಯೂಟರಿನಲ್ಲಿ ಕರೆಂಟ್ ಕಡಿದು ಕೊಡುವ ಪಾಯಿಂಟ್‌ಗಳ ನಡುವಿನ ಗ್ಯಾಪ್ ಅನೇಕ ಹಳೆಯ ಕಾರುಗಳಲ್ಲಿ 0.35ರಿಂದ 0.40 ಮಿ.ಮೀ., ಪ್ಲಗ್ ಗ್ಯಾಪ್ 0.6 ಮಿ.ಮೀ. ಆಸುಪಾಸು. ನಿಮ್ಮ ಕಾರಿನ ಕೈಪಿಡಿ ಹೇಳಿದ್ದೇ ಅಂತಿಮ. ಮಂಕು ದೀಪ, ನಿಧಾನ ಸೆಲ್ಫ್ ಕಂಡ ಕೂಡಲೇ ವೈರಿಂಗ್ ಬದಲಿಸಬೇಡಿ. ಅರ್ತ್ ತಂತಿ ಬಾಡಿಗೆ ಕೂರುವ ಜಾಗವನ್ನು ಹೊಳೆಯುವಂತೆ ಉಜ್ಜಿ ಬಿಗಿ ಮಾಡಿದರೆ ಅರ್ಧ ದೂರು ತೀರುತ್ತವೆ.

ಪುಟ್ಟಿ, ಬಣ್ಣ, ಮೇಣ

ಪಾಲಿಯೆಸ್ಟರ್ ಪುಟ್ಟಿ ತೇವ ಹೀರುತ್ತದೆ. ಬರೀ ಲೋಹಕ್ಕೆ ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ, ಹಾರ್ಡ್‌ನರ್ ತೂಕದಲ್ಲಿ ಶೇ. 2ರಷ್ಟು, ದಪ್ಪ 3 ಮಿ.ಮೀ. ಮೀರದಂತೆ. ತಗಡಿನ ಕೂಡುಗೆರೆಗಳಿಗೆ ಸೀಮ್ ಸೀಲರ್ ಎಪಾಕ್ಸಿ ಆದ ಮೇಲೆ, ಬಣ್ಣಕ್ಕೆ ಮುಂಚೆ. ಮಾಮೂಲಿ ಡಬ್ಬಿ ಪ್ರೈಮರ್ ಹೊಡೆದು ತಿಂಗಳುಗಟ್ಟಲೆ ಬಯಲಲ್ಲಿ ನಿಲ್ಲಿಸಿದರೆ ಅದು ನೀರನ್ನು ಒಳಬಿಡುತ್ತದೆ, ಬಣ್ಣದಡಿಯಲ್ಲೇ ತುಕ್ಕು ಮರುಕಳಿಸುತ್ತದೆ. ಎರಡು ಭಾಗ ಬೆರೆಸುವ ಬಣ್ಣಗಳ ಹಾರ್ಡ್‌ನರ್‌ನಲ್ಲಿ ಹೆಚ್ಚಾಗಿ ಐಸೊಸಯನೇಟ್ ಎಂಬ, ಉಸಿರಾಟಕ್ಕೆ ಅಪಾಯಕಾರಿಯಾದ ರಾಸಾಯನಿಕ ಇರುತ್ತದೆ. ಹೊರಗಿನ ಗಾಳಿ ಪೂರೈಸುವ ಮಾಸ್ಕ್ ಇಲ್ಲದವರು ಅದನ್ನು ಸ್ಪ್ರೇ ಮಾಡಬಾರದು. ಅಂಥವರು ಹದವಾಗಿ ತೆಳುಮಾಡಿದ ಎನಾಮೆಲನ್ನು ಸ್ಪಂಜ್ ರೋಲರಿನಿಂದ ಹಚ್ಚಿ, ಪದರಗಳ ನಡುವೆ ನೀರು ಹಾಕಿ ಎಮರಿ ಪೇಪರಿನಲ್ಲಿ ಉಜ್ಜಿದರೆ ನೋಡುವಂಥ ಫಿನಿಶ್ ಬರುತ್ತದೆ.

ಬಣ್ಣ ಒಣಗಿದ ಮೇಲೆ ಟೊಳ್ಳು ಭಾಗಗಳಿಗೆಲ್ಲ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯುವ ಮೇಣ. ನೀರಿನ ತೂತುಗಳಿಂದ ಅದು ತೊಟ್ಟಿಕ್ಕುವವರೆಗೆ ಹೊಡೆದು, ಆಮೇಲೆ ತಂತಿ ಆಡಿಸಿ ತೂತು ತೆರೆದಿಡಿ.

ಮೊದಲ ಓಟ ಕಾಲು ಗಂಟೆ ಸಾಕು. ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದು ಶಾಖ ಹೋಲಿಸಿ, ಪೈಪ್ ಕೀಲುಗಳಲ್ಲಿ ಜಿನುಗು ಇದೆಯೇ ನೋಡಿ. 50 ಕಿ.ಮೀ. ಆದ ಮೇಲೆ ವೀಲ್ ನಟ್ ಮತ್ತೆ ಬಿಗಿ ಮಾಡಿ. 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಮತ್ತೊಮ್ಮೆ ಬದಲಿಸಿ, ಒಳಗಿನ ಹಳೆಯ ಕೆಸರು ಅಷ್ಟರಲ್ಲಿ ಕಳಚಿ ಫಿಲ್ಟರಿಗೆ ಬಂದಿರುತ್ತದೆ.