ಟೆಂಟ್‌ಪೋಲ್ ಸಿನಿಮಾ ಎಂದರೇನು?

ಹಾಲಿವುಡ್‌ನ ಬೇಸಿಗೆ ಸಿನಿಮಾಗಳ ಬಗ್ಗೆ ನಾಲ್ಕು ವಿಮರ್ಶೆ ಓದಿದರೆ ಮೂರರಲ್ಲಿ ‘ಟೆಂಟ್‌ಪೋಲ್’ ಎಂಬ ಪದ ಸಿಗುತ್ತದೆ. ಡೇರೆಯ ನಡುಗಂಬ ಎಂಬುದು ಅದರ ನೇರ ಅರ್ಥ. ಒಂದು ದೊಡ್ಡ ಸ್ಟುಡಿಯೋ ವರ್ಷವಿಡೀ ಹಲವು ಸಿನಿಮಾ ಬಿಡುಗಡೆ ಮಾಡುತ್ತದೆ. ಕೆಲವು ಹಾಕಿದ ದುಡ್ಡು ತಂದರೆ ಪುಣ್ಯ, ಕೆಲವು ಮುಳುಗುತ್ತವೆ, ಒಂದೆರಡನ್ನು ಪ್ರಶಸ್ತಿಯ ಮೇಲೆ ಕಣ್ಣಿಟ್ಟೇ ಮಾಡಿರುತ್ತಾರೆ. ಇವೆಲ್ಲದರ ಭಾರ ಹೊರಲಿ ಎಂದು ಮೊದಲೇ ಲೆಕ್ಕ ಹಾಕಿ, ಬಜೆಟ್ಟನ್ನೂ ಪ್ರಚಾರವನ್ನೂ ಸುರಿದು ಮಾಡುವ ಒಂದೋ ಎರಡೋ ಸಿನಿಮಾಗಳಿಗೆ ಟೆಂಟ್‌ಪೋಲ್ ಎನ್ನುತ್ತಾರೆ. ಟೀವಿಯವರಲ್ಲೂ ಈ ಮಾತು ಉಂಟು: ಜನಪ್ರಿಯ ಕಾರ್ಯಕ್ರಮವನ್ನು ನಡುವೆ ಇಟ್ಟು, ಅದರ ಹಿಂದೆ ಮುಂದೆ ಬಡಪಾಯಿ ಕಾರ್ಯಕ್ರಮಗಳನ್ನು ಜೋಡಿಸುವುದು.

ಇದನ್ನು ಬ್ಲಾಕ್‌ಬಸ್ಟರ್ ಜೊತೆ ಕಲಸಿಬಿಡುವವರು ಬಹಳ ಮಂದಿ. ಸಿನಿಮಾ ಬ್ಲಾಕ್‌ಬಸ್ಟರ್ ಆಯಿತೋ ಇಲ್ಲವೋ ಎಂಬುದು ಬಿಡುಗಡೆಯಾದ ಮೇಲೆ ಗೊತ್ತಾಗುವ ಸಂಗತಿ. ಟೆಂಟ್‌ಪೋಲ್ ಹೌದೋ ಅಲ್ಲವೋ ಎಂಬುದು ಚಿತ್ರೀಕರಣ ಶುರುವಾಗುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಹಾಗಾಗಿ ಸೋತ ಟೆಂಟ್‌ಪೋಲ್‌ಗಳು ಬೇಕಾದಷ್ಟಿವೆ. ಸೋತ ಬ್ಲಾಕ್‌ಬಸ್ಟರ್ ಎಂಬುದಿಲ್ಲ. ಫ್ರಾಂಚೈಸ್ ಇನ್ನೊಂದೇ ವಿಚಾರ. ಅದು ಒಂದೇ ಪಾತ್ರ, ಒಂದೇ ಲೋಕವನ್ನು ಹಿಡಿದು ಸಾಗುವ ಸರಣಿ. ಇವತ್ತಿನ ಟೆಂಟ್‌ಪೋಲ್‌ಗಳಲ್ಲಿ ಹೆಚ್ಚಿನವು ಫ್ರಾಂಚೈಸ್‌ನ ಕಂತುಗಳೇ ಆಗಿರುವುದರಿಂದ ಈ ಮೂರು ಪದಗಳೂ ಒಂದೇ ಎಂಬ ಭಾವನೆ ಬಂದಿದೆ.

ಬೇಸಿಗೆಗೂ ಇದಕ್ಕೂ ಏನು ನಂಟು? ಒಂದು ಕಾಲದಲ್ಲಿ ಅಮೆರಿಕದ ಥಿಯೇಟರಿನವರಿಗೆ ಬೇಸಿಗೆಯೆಂದರೆ ತಲೆನೋವು. ಸೆಕೆಯಲ್ಲಿ ಮುಚ್ಚಿದ ಕೋಣೆಯೊಳಗೆ ಕೂರಲು ಯಾರು ಬರುತ್ತಾರೆ? 1925ರಲ್ಲಿ ನ್ಯೂಯಾರ್ಕ್‌ನ ರಿವೋಲಿ ಥಿಯೇಟರಿಗೆ ಏರ್ ಕಂಡೀಷನಿಂಗ್ ಬಂತು, ಆಮೇಲೆ ಬೇರೆ ಕಡೆಗೂ ಹಬ್ಬಿತು. ಜನ ತಂಪಿಗಾದರೂ ಒಳಗೆ ಬರತೊಡಗಿದರು. ಆದರೂ ಸ್ಟುಡಿಯೋಗಳು ತಮ್ಮ ಒಳ್ಳೆಯ ಸರಕನ್ನು ಬೇಸಿಗೆಗೆಂದು ಎತ್ತಿಡುವ ಪದ್ಧತಿ ಗಟ್ಟಿಯಾದದ್ದು 1975ರ ಜೂನ್ 20ರಂದು ಶಾರ್ಕ್ ಮೀನಿನ ಹಾವಳಿಯ ಸಿನಿಮಾ ‘ಜಾಸ್’ ಬಿಡುಗಡೆಯಾದ ನಂತರ.

‘ಜಾಸ್’ ಕತೆ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಟೀವನ್ ಸ್ಪೀಲ್‌ಬರ್ಗ್ ಅದರ ನಿರ್ದೇಶಕ, ಆಗಿನ್ನೂ ಮೂವತ್ತು ದಾಟದ ಹುಡುಗ. ಸಮುದ್ರದಲ್ಲಿ ಚಿತ್ರೀಕರಣ, ಕೈಕೊಡುವ ಯಾಂತ್ರಿಕ ಶಾರ್ಕ್, ದಿನಕ್ಕೆ ದಿನ ಏರುವ ಖರ್ಚು. ಶಾರ್ಕ್ ಕೆಟ್ಟು ಕೂತಿದ್ದಕ್ಕೆ ಅದನ್ನು ತೋರಿಸದೇ ಹೆದರಿಸುವ ದಾರಿ ಹುಡುಕಬೇಕಾಯಿತು. ಸಿನಿಮಾ ಗೆದ್ದದ್ದೂ ಅದರಿಂದಲೇ. ಅಷ್ಟೇ ಮುಖ್ಯವಾದದ್ದು ಅದನ್ನು ಮಾರಿದ ರೀತಿ. ಅಲ್ಲಿಯವರೆಗೆ ಹೆಸರುಳ್ಳ ಸಿನಿಮಾಗಳನ್ನು ಮೊದಲು ದೊಡ್ಡ ಊರುಗಳ ಕೆಲವೇ ಥಿಯೇಟರುಗಳಲ್ಲಿ ಹಾಕಿ, ಬಾಯಿಂದ ಬಾಯಿಗೆ ಸುದ್ದಿ ಹರಡಿದ ಮೇಲೆ ಉಳಿದ ಊರುಗಳಿಗೆ ಕಳಿಸುವುದು ರೂಢಿ. ಎಲ್ಲ ಕಡೆ ಒಟ್ಟಿಗೆ ಹಾಕಿದರೆಂದರೆ ಸಿನಿಮಾ ಕಳಪೆ, ಸುದ್ದಿ ಹರಡುವ ಮುಂಚೆ ದುಡ್ಡು ಬಾಚಿಕೊಳ್ಳುತ್ತಿದ್ದಾರೆ ಎಂದೇ ಅನುಮಾನ. ಯುನಿವರ್ಸಲ್ ಸ್ಟುಡಿಯೋ ಈ ನಂಬಿಕೆಯನ್ನೇ ತಲೆಕೆಳಗು ಮಾಡಿತು. ಟೀವಿ ಜಾಹೀರಾತಿಗೆ ಸುಮಾರು 7 ಲಕ್ಷ ಡಾಲರ್ ಸುರಿದು, ಅಮೆರಿಕದ 409 ಥಿಯೇಟರುಗಳಲ್ಲಿ ಒಂದೇ ದಿನ ತೆರೆಗೆ ತಂದಿತು. ಇವತ್ತು ಒಂದು ದೊಡ್ಡ ಸಿನಿಮಾ ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಡೆ ಬಿಡುಗಡೆಯಾಗುವುದರಿಂದ 409 ಚಿಲ್ಲರೆ ಅನ್ನಿಸಬಹುದು. ಆಗ ಅದು ಧೈರ್ಯದ ಮಾತು.

ಎರಡು ವರ್ಷದ ನಂತರ, 1977ರ ಮೇ 25ರಂದು ‘ಸ್ಟಾರ್ ವಾರ್ಸ್’ ಬಂತು. ಅದು ಶುರುವಾದದ್ದು ಮೂವತ್ತು ಚಿಲ್ಲರೆ ಥಿಯೇಟರುಗಳಲ್ಲಿ. ಅದರಿಂದ ಉದ್ಯಮ ಕಲಿತ ಪಾಠ ಬೇರೆ. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಸಂಬಳ ಹೆಚ್ಚು ಕೇಳುವ ಬದಲು ಮುಂದಿನ ಭಾಗಗಳ ಹಕ್ಕು, ಆಟಿಕೆ ಮುಂತಾದವುಗಳ ಹಕ್ಕು ತನ್ನ ಕೈಯಲ್ಲಿಟ್ಟುಕೊಂಡ. ಆ ಕ್ರಿಸ್ಮಸ್ಸಿಗೆ ಕೆನ್ನರ್ ಕಂಪನಿಯ ಆಟಿಕೆಗಳು ತಯಾರಾಗಿರಲಿಲ್ಲ. ಅವರು ‘ಗೊಂಬೆ ಆಮೇಲೆ ಕಳಿಸುತ್ತೇವೆ’ ಎಂಬ ಚೀಟಿ ಇರುವ ಪೊಟ್ಟಣವನ್ನೇ ಮಾರಿದರು, ಜನ ಕೊಂಡರು! ಗೊಂಬೆಯೇ ಇಲ್ಲದ ಗೊಂಬೆ ಪೊಟ್ಟಣ ಖರ್ಚಾಗುತ್ತದೆ ಎಂದ ಮೇಲೆ ಸಿನಿಮಾ ಬರೀ ಸಿನಿಮಾ ಆಗಿ ಉಳಿಯುವುದು ಹೇಗೆ? 2012ರಲ್ಲಿ ಡಿಸ್ನಿ ಲ್ಯೂಕಾಸ್‌ಫಿಲ್ಮ್ ಕಂಪನಿಯನ್ನು ಸುಮಾರು 400 ಕೋಟಿ ಡಾಲರಿಗೆ ಕೊಂಡದ್ದು ಹಳೆಯ ರೀಲುಗಳ ಆಸೆಗಲ್ಲ.

ಅಲ್ಲಿನ ಬೇಸಿಗೆ ಲೆಕ್ಕ ಮೊದಲು ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೆ. ಶಾಲೆಗಳ ರಜೆಗೆ ಹೊಂದಿಸಿದ ಕ್ಯಾಲೆಂಡರು. 2002ರ ಮೇ 3ರಂದು ಬಂದ ‘ಸ್ಪೈಡರ್-ಮ್ಯಾನ್’ ಮೊದಲ ವಾರಾಂತ್ಯದಲ್ಲೇ ಅಮೆರಿಕ, ಕೆನಡಾಗಳಲ್ಲಿ 10 ಕೋಟಿ ಡಾಲರ್ ದಾಟಿದ ಮೊದಲ ಸಿನಿಮಾ ಎನಿಸಿಕೊಂಡಿತು. ಮೇ ಮೊದಲ ಶುಕ್ರವಾರಕ್ಕೆ ಬೆಲೆ ಬಂತು. 2018, 2019ರಲ್ಲಿ ‘ಅವೆಂಜರ್ಸ್’ ಎಂಬ ಸೂಪರ್‌ಹೀರೋ ಸರಣಿಯ ಮೂರನೇ, ನಾಲ್ಕನೇ ಕಂತುಗಳು ಏಪ್ರಿಲ್ ತಿಂಗಳಲ್ಲೇ ಬಂದವು. ಹಾಲಿವುಡ್ಡಿನ ಬೇಸಿಗೆ ಹೀಗೆ ವಸಂತವನ್ನು ತಿನ್ನುತ್ತಾ ಬಂದಿದೆ.

ಇಷ್ಟು ಭಾರ ಹೊತ್ತ ಸಿನಿಮಾ ತೆರೆಯ ಮೇಲೆ ಅದನ್ನು ಮುಚ್ಚಿಡಲಾರದು. ವಿಮರ್ಶೆ ಬರೆಯುವ ಅಭಿಮಾನಿಗೆ ಈ ಪದ ಉಪಯೋಗಕ್ಕೆ ಬರುವುದು ಇಲ್ಲೇ ಎಂದು ನನ್ನ ಅನಿಸಿಕೆ. 2014ರ ಅಕ್ಟೋಬರ್‌ನಲ್ಲಿ ‘ಅವೆಂಜರ್ಸ್’ ಮಾಡುವ ಮಾರ್ವೆಲ್ ಸ್ಟುಡಿಯೋಸ್ ಲಾಸ್ ಏಂಜಲೀಸ್‌ನಲ್ಲಿ ಸಮಾರಂಭ ಮಾಡಿ 2019ರವರೆಗಿನ ಸಿನಿಮಾಗಳ ಹೆಸರು, ತಾರೀಖುಗಳನ್ನು ಘೋಷಿಸಿತು. ಅದರಲ್ಲಿದ್ದ ‘ಇನ್‌ಹ್ಯೂಮನ್ಸ್’ ಸಿನಿಮಾ ಆಗಲೇ ಇಲ್ಲ, ಟೀವಿ ಸರಣಿಯಾಯಿತು. ತಾರೀಖು ಮೊದಲು, ಚಿತ್ರಕತೆ ಆಮೇಲೆ. ಹೀಗೆ ಹುಟ್ಟಿದ ಸಿನಿಮಾದಲ್ಲಿ ಕತೆ ಓಡುತ್ತಿರುವಾಗಲೇ ಯಾರೋ ಅಪರಿಚಿತ ಬಂದು ಎರಡು ಮಾತಾಡಿ ಹೋದರೆ, ಅವನು ಮುಂದಿನ ಕಂತಿನ ಬೀಜ ಎಂದು ತಿಳಿಯಿರಿ. ಗ್ರಾಫಿಕ್ಸ್ ಕೊನೆಯ ಅರ್ಧ ಗಂಟೆಯಲ್ಲಿ ಪೇಲವವಾಗಿದ್ದರೆ ಕಲಾವಿದರಿಗಿಂತ ಕ್ಯಾಲೆಂಡರನ್ನು ಬೈಯುವುದು ನ್ಯಾಯ. ರಕ್ತವೇ ಕಾಣದ ಮಹಾಯುದ್ಧಗಳಿಗೂ ಕಾರಣವಿದೆ. 1984ರಲ್ಲಿ ಅಮೆರಿಕದಲ್ಲಿ ಪಿಜಿ-13 ಎಂಬ ದರ್ಜೆ ಬಂತು; ಹದಿಹರೆಯದವರು ಒಬ್ಬರೇ ಟಿಕೆಟ್ ತಗೊಂಡು ಹೋಗಬಹುದಾದ ಆ ದರ್ಜೆಯೊಳಗೆ ಉಳಿಯಬೇಕೆಂದು ದೊಡ್ಡ ಸಿನಿಮಾಗಳು ಕತ್ತರಿ ಹಾಕಿಕೊಳ್ಳುತ್ತವೆ.

ಸಿನಿಮಾದ ಕೊನೆಯ ಹೆಸರುಪಟ್ಟಿ ಮುಗಿದ ಮೇಲೆ ಬರುವ ತುಣುಕು ದೃಶ್ಯವೂ ಹಾಗೆಯೇ. 2008ರ ಮೇ ತಿಂಗಳ ‘ಐರನ್ ಮ್ಯಾನ್’ ಕೊನೆಯಲ್ಲಿ ಸೂಪರ್‌ಹೀರೋಗಳ ತಂಡ ಕಟ್ಟುವ ಮಾತಾಡಲು ನಿಕ್ ಫ್ಯೂರಿ ಎಂಬ ಪಾತ್ರ ಬಂದಾಗ ಅದೊಂದು ಚೇಷ್ಟೆ, ಕೂತು ಕಾದವರಿಗೆ ಸಿಕ್ಕ ಕೊಸರು. ನಾಲ್ಕು ವರ್ಷದ ನಂತರ ‘ದಿ ಅವೆಂಜರ್ಸ್’ ಆ ಮಾತನ್ನು ಉಳಿಸಿಕೊಂಡಿತು. ಆಮೇಲಾಮೇಲೆ ಅದು ಕಡ್ಡಾಯವಾಯಿತು. ಸಿನಿಮಾ ಹೇಗಿತ್ತು ಎಂದು ಕೇಳಿದರೆ ಕೊನೆಯ ಮೂವತ್ತು ಸೆಕೆಂಡಿನ ಬಗ್ಗೆ ಮಾತ್ರ ಮಾತಾಡುವ ವಿಮರ್ಶೆಗಳು ಹುಟ್ಟಿಕೊಂಡವು. ಹಳೆಯ ನಟ ಏಕಾಏಕಿ ತೆರೆ ಮೇಲೆ ಬಂದಾಗ ನಾನೂ ಶಿಳ್ಳೆ ಹೊಡೆಯುವವನೇ. ಆದರೆ ಶಿಳ್ಳೆ ಬಿದ್ದದ್ದು ಆ ದೃಶ್ಯ ಬರೆದ ಚಂದಕ್ಕೋ ಅಥವಾ ನಮ್ಮ ನೆನಪಿಗೋ ಎಂದು ಮನೆಗೆ ಬಂದ ಮೇಲಾದರೂ ಕೇಳಿಕೊಳ್ಳದಿದ್ದರೆ ಬರೆದದ್ದು ವಿಮರ್ಶೆಯಾಗುವುದಿಲ್ಲ, ಜಾಹೀರಾತಾಗುತ್ತದೆ. 2022ರ ‘ಟಾಪ್ ಗನ್: ಮ್ಯಾವರಿಕ್’ ಈ ಪರೀಕ್ಷೆಯಲ್ಲಿ ಗೆದ್ದ ಸಿನಿಮಾ. ಮೊದಲ ಭಾಗ ಬಂದದ್ದು 1986ರಲ್ಲಿ. ಅದನ್ನು ನೋಡದವರಿಗೂ ಇಲ್ಲಿ ಕತೆ ಅರ್ಥವಾಗುತ್ತದೆ, ನೋಡಿದವರಿಗೆ ಗಂಟಲು ಕಟ್ಟುತ್ತದೆ. ಜಗತ್ತಿನಾದ್ಯಂತ ಸುಮಾರು 149 ಕೋಟಿ ಡಾಲರ್ ಗಳಿಸಿತು.

ಗಳಿಕೆಯ ಮಾತು ಬಂದಾಗ ಒಂದು ಎಚ್ಚರ ಬೇಕು. ಟಿಕೆಟ್ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಥಿಯೇಟರಿನವರದ್ದು. ಬಜೆಟ್ ಎಂದು ಹೇಳುವ ಅಂಕಿಯಲ್ಲಿ ಪ್ರಚಾರದ ಖರ್ಚು ಸೇರಿರುವುದಿಲ್ಲ. ಹಾಗಾಗಿ ಬಜೆಟ್ಟಿನ ಎರಡೂವರೆ ಪಟ್ಟು ಗಳಿಸಿದರೆ ಅಸಲು ಬಂತು ಎಂಬುದು ಅಲ್ಲಿನವರ ಒರಟು ಲೆಕ್ಕ. 2023ರ ‘ಇಂಡಿಯಾನಾ ಜೋನ್ಸ್’ ಕಂತಿಗೆ ಸುಮಾರು 30 ಕೋಟಿ ಡಾಲರ್ ಖರ್ಚಾಯಿತೆಂದು ವರದಿ, ಬಂದದ್ದು 38 ಕೋಟಿ ಚಿಲ್ಲರೆ. ಅಂಕಿ ನೋಡಿ ಲಾಭ ಎಂದುಕೊಂಡರೆ ತಪ್ಪು. ಅದು ದೊಡ್ಡ ಸೋಲು.

ಶೇಕಡಾವಾರು ಅಂಕಗಳೂ ಅಷ್ಟೇ ಮೋಸದವು. ವಿಮರ್ಶೆಗಳನ್ನು ಒಟ್ಟುಹಾಕುವ ರಾಟನ್ ಟೊಮ್ಯಾಟೋಸ್ ಜಾಲತಾಣದಲ್ಲಿ 95 ಎಂದಿದ್ದರೆ ಸಿನಿಮಾಗೆ ನೂರಕ್ಕೆ 95 ಅಂಕ ಬಂದಿದೆ ಎಂದಲ್ಲ, ನೂರರಲ್ಲಿ 95 ವಿಮರ್ಶಕರು ‘ಪರವಾಗಿಲ್ಲ’ ಅಥವಾ ಅದಕ್ಕಿಂತ ಮೇಲೆ ಹೇಳಿದ್ದಾರೆ ಎಂದರ್ಥ. ಎಸ್‌ಎಸ್‌ಎಲ್‌ಸಿಯಲ್ಲಿ ತರಗತಿಯ ಮಕ್ಕಳೆಲ್ಲ ಕನಿಷ್ಠ ಅಂಕ ತಗೊಂಡು ಪಾಸಾದರೂ ಶಾಲೆಯ ಗೇಟಿಗೆ ‘ಶೇ. 100 ಫಲಿತಾಂಶ’ ಎಂಬ ಬ್ಯಾನರ್ ಕಟ್ಟುವುದಿಲ್ಲವೇ, ಹಾಗೆ. ಟೆಂಟ್‌ಪೋಲ್‌ಗಳನ್ನು ಯಾರಿಗೂ ಬೇಸರವಾಗದಂತೆ ಮಾಡುವುದರಿಂದ ಈ ಅಳತೆ ಅವುಗಳಿಗೆ ತುಂಬ ಅನುಕೂಲ. ನನಗೆ ಅದಕ್ಕಿಂತ ಸಿನಿಮಾಸ್ಕೋರ್ ಎಂಬ ಸಂಸ್ಥೆಯ ದರ್ಜೆ ಹೆಚ್ಚು ನಂಬಿಕೆಗೆ ಯೋಗ್ಯ ಅನ್ನಿಸುತ್ತದೆ. 1979ರಿಂದ ಅವರು ಬಿಡುಗಡೆಯ ರಾತ್ರಿ ಥಿಯೇಟರಿನಿಂದ ಹೊರಬಂದ ಪ್ರೇಕ್ಷಕರನ್ನೇ ಕೇಳಿ ಎ ಪ್ಲಸ್‌ನಿಂದ ಎಫ್‌ವರೆಗೆ ದರ್ಜೆ ಕೊಡುತ್ತಾರೆ. ‘ಮ್ಯಾವರಿಕ್’ಗೆ ಸಿಕ್ಕದ್ದು ಎ ಪ್ಲಸ್. ಎರಡನೇ ವಾರಾಂತ್ಯದಲ್ಲಿ ಗಳಿಕೆ ಎಷ್ಟು ಕುಸಿಯಿತು ಎಂಬುದನ್ನೂ ನೋಡಬೇಕು. ಮೊದಲ ವಾರಾಂತ್ಯಕ್ಕೆ ಜನರನ್ನು ತರುವುದು ಪ್ರಚಾರ, ಎರಡನೆಯದಕ್ಕೆ ತರುವುದು ಸಿನಿಮಾ.

ನಮ್ಮಲ್ಲಿಗೆ ಈ ಲೆಕ್ಕ ಹಾಗೇ ಹೊಂದುವುದಿಲ್ಲ. ಹಾಲಿವುಡ್ ಬೇಸಿಗೆಯ ನಡುಭಾಗ ಜೂನ್, ಜುಲೈ. ಆಗ ಕರ್ನಾಟಕದಲ್ಲಿ ಮಳೆ ಹಿಡಿದಿರುತ್ತದೆ, ಮಕ್ಕಳು ಹೊಸ ಪುಸ್ತಕಗಳಿಗೆ ಬೈಂಡ್ ಹಾಕಿಸಿಕೊಂಡು ಶಾಲೆಗೆ ಹೊರಟಿರುತ್ತಾರೆ. ನಮ್ಮ ರಜೆಯ ಏಪ್ರಿಲ್, ಮೇ ತಿಂಗಳ ಸಂಜೆಗಳನ್ನು ಐಪಿಎಲ್ ನುಂಗುತ್ತದೆ. ಇಲ್ಲಿ ದೊಡ್ಡ ಸಿನಿಮಾಗಳು ನೆಚ್ಚುವುದು ಸಂಕ್ರಾಂತಿ, ದಸರಾ, ದೀಪಾವಳಿ, ಕ್ರಿಸ್ಮಸ್ ರಜೆಗಳನ್ನು. 2022ರ ಏಪ್ರಿಲ್ 14ರಂದು, ಐಪಿಎಲ್ ನಡೆಯುತ್ತಿದ್ದಾಗಲೇ ಬಂದ ‘ಕೆಜಿಎಫ್: ಚಾಪ್ಟರ್ 2’ ಗೆದ್ದದ್ದು ಹಾಗಾಗಿಯೇ ವಿಶೇಷ. ಹಾಲಿವುಡ್‌ನವರೂ ಈಚೆಗೆ ಕನ್ನಡಕ್ಕೆ ಡಬ್ ಮಾಡಿ ಕಳಿಸುತ್ತಿದ್ದಾರೆ. 2023ರ ಜೂನ್‌ನಲ್ಲಿ ಬಂದ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಇತ್ತು; ಅದರಲ್ಲಿ ಪವಿತ್ರ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್-ಮ್ಯಾನ್ ಕೂಡ ಇದ್ದ.

‘ಪ್ಯಾನ್ ಇಂಡಿಯಾ’ ಸಿನಿಮಾವನ್ನೇ ನಮ್ಮ ಟೆಂಟ್‌ಪೋಲ್ ಎನ್ನುವವರಿದ್ದಾರೆ. ಪ್ಯಾನ್ ಇಂಡಿಯಾ ಎಂದರೆ ಎಷ್ಟು ಭಾಷೆಗಳಲ್ಲಿ ಬರುತ್ತದೆ ಎಂಬ ಮಾತಷ್ಟೇ. ಒಬ್ಬ ನಿರ್ಮಾಪಕ ಇದ್ದಬದ್ದ ದುಡ್ಡನ್ನೆಲ್ಲ ಒಂದೇ ಸಿನಿಮಾಗೆ ಹಾಕಿ ಕೈಮುಗಿದು ಕೂತರೆ ಅದು ಜೂಜು. ಕಂಬ ಅನ್ನಬೇಕಾದರೆ ಅದು ಎತ್ತಿ ಹಿಡಿಯುವ ಡೇರೆಯೂ ಇರಬೇಕು, ಅಂದರೆ ಅದೇ ಸಂಸ್ಥೆಯ ಬೇರೆ ಸಿನಿಮಾಗಳು. ಹೊಂಬಾಳೆ ಫಿಲ್ಮ್ಸ್‌ನಂಥ ಸಂಸ್ಥೆಗೆ ಮಾತ್ರ ಆ ಪದ ಒಪ್ಪುತ್ತದೆ. 2022ರ ಸೆಪ್ಟೆಂಬರ್ 30ರಂದು ಅವರ ‘ಕಾಂತಾರ’ ಬಂದಾಗ ಅದು ಟೆಂಟ್‌ಪೋಲ್ ಆಗಿರಲಿಲ್ಲ. ಮೊದಲು ಬರೀ ಕನ್ನಡದಲ್ಲಿ ತೆರೆಕಂಡು, ಜನ ಮೆಚ್ಚಿದ ಮೇಲೆ ಬೇರೆ ಭಾಷೆಗಳಿಗೆ ಡಬ್ ಆಗಿ ಬ್ಲಾಕ್‌ಬಸ್ಟರ್ ಆಯಿತು. ಅದರ ಹಿಂದಿನ ಕತೆ ಹೇಳುವ ‘ಕಾಂತಾರ: ಚಾಪ್ಟರ್ 1’ 2025ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯೂ ವಿಜಯದಶಮಿಯೂ ಒಂದೇ ದಿನ ಬಿದ್ದಾಗ, ಮೊದಲ ದಿನವೇ ಹಲವು ಭಾಷೆಗಳಲ್ಲಿ ಬಂತು. ಟೆಂಟ್‌ಪೋಲ್ ಅಂದರೆ ಅದು.